ಫಿಫ್ತ್ ವೀಲ್ ಟ್ರೇಲರ್: ಹಿಚ್ ಇಳಿಸಿದರೆ ಬೆಡ್‌ಗೆ ತಾಗುತ್ತದೆ, ಏರಿಸಿದರೆ ಮೂತಿ ಮೇಲೇಳುತ್ತದೆ

ದಾರಿಹೋಕ (ಪ್ರಶ್ನೆ)

ಹಳೆಯ ಟೂ-ವೀಲ್ ಡ್ರೈವ್ ಪಿಕಪ್ ಕೊಟ್ಟು ಒಂದು ಟನ್‌ನ ಫೋರ್-ವೀಲ್ ಡ್ರೈವ್ ತೆಗೆದುಕೊಂಡ ಮೇಲೆ ಈ ತಲೆನೋವು ಶುರುವಾಗಿದೆ. ಟ್ರೇಲರ್ ಅದೇ, ಪಿಕಪ್ಪಿನ ಬೆಡ್ಡಿನಲ್ಲಿ (ಹಿಂದಿನ ಸಾಮಾನು ತೊಟ್ಟಿ) ಕೂರಿಸಿದ ಹಿಚ್ಚಿಗೆ, ಅಂದರೆ ಕೊಕ್ಕೆಗೆ, ಮೂತಿ ಸಿಕ್ಕಿಸುವ ಫಿಫ್ತ್ ವೀಲ್: ಎರಡು ಆಕ್ಸಲ್, ಲೀಫ್ ಸ್ಪ್ರಿಂಗ್. ಹಳೆಯ ಗಾಡಿಗೆ ಹಾಸಿದ ಹಲಗೆಯಂತೆ ಸಮನಾಗಿ ಕೂರುತ್ತಿತ್ತು. ಈಗ ಮೂತಿ ಆಕಾಶ ನೋಡುತ್ತಿದೆ. ಹಿಚ್ಚನ್ನು ತೀರ ಕೆಳಗಿನ ರಂಧ್ರಕ್ಕೆ ಇಳಿಸಿದೆ. ಮೂತಿ ಸ್ವಲ್ಪ ಇಳಿಯಿತು, ಆದರೆ ಪೆಟ್ರೋಲ್ ಬಂಕಿನ ಇಳಿಜಾರಿನಲ್ಲಿ ತಿರುಗುವಾಗ ಬೆಡ್‌ನ ಹಿಂಬದಿಯ ಮೂಲೆ ಟ್ರೇಲರಿನ ಹೊಟ್ಟೆಗೆ ತಾಗಿ ಗೀರು ಬಿದ್ದಿದೆ. ಗಾಡಿ ಮಾರಿದವರು ‘ಪಿಕಪ್ಪಿನ ಹಿಂದಿನ ಸ್ಪ್ರಿಂಗಿಗೆ ಆಸರೆಯಾಗಿ ಏರ್‌ಬ್ಯಾಗ್ (ಗಾಳಿಚೀಲ) ಹಾಕಿಸಿ, ಸರಿಹೋಗುತ್ತದೆ’ ಎಂದರು. ಹಾಕಿಸಲೇ?

ಎರಡಚ್ಚು

ಏರ್‌ಬ್ಯಾಗ್‌ಗೆ ದುಡ್ಡು ಸುರಿಯುವ ಮುನ್ನ ಟೇಪು ಹಿಡಿಯಿರಿ. ಸಮತಟ್ಟಾದ ಜಾಗ, ಗಾಳಿ ಸರಿಯಾಗಿ ತುಂಬಿದ ಟೈರು, ಪ್ರಯಾಣಕ್ಕೆ ಹೊರಟಷ್ಟೇ ಸಾಮಾನು ತುಂಬಿದ ಟ್ರೇಲರ್. ಅಳತೆಗಳನ್ನು ಕೊಕ್ಕೆ ಹಾಕಿದ ಮೇಲೆಯೇ ತೆಗೆಯಬೇಕು, ಏಕೆಂದರೆ ಟ್ರೇಲರಿನ ತೂಕದಲ್ಲಿ ಸಾಮಾನ್ಯವಾಗಿ ಶೇ. 15ರಿಂದ 25ರಷ್ಟು ಕಿಂಗ್‌ಪಿನ್ (ಟ್ರೇಲರಿನ ಮೂತಿಯಿಂದ ಕೆಳಕ್ಕೆ ಚಾಚಿ ಹಿಚ್ಚಿನಲ್ಲಿ ಕೂರುವ ಗೂಟ) ಮೂಲಕ ಪಿಕಪ್ಪಿನ ಮೇಲೆ ಕೂತು ಬೆಡ್ಡನ್ನು ಕೆಳಕ್ಕೆ ತಗ್ಗಿಸುತ್ತದೆ. ಖಾಲಿ ಗಾಡಿಯ ಅಳತೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಬೇಕಾದವು: ನೆಲದಿಂದ ಬೆಡ್ ಗೋಡೆಯ ತುದಿಗೆ ಎಷ್ಟು, ಹಿಚ್ ಪ್ಲೇಟಿಗೆ ಎಷ್ಟು, ಕಿಂಗ್‌ಪಿನ್ ಕೂರುವ ಮಟ್ಟದಿಂದ ಟ್ರೇಲರಿನ ಮುಂಚಾಚಿನ (ಬೆಡ್ಡಿನ ಮೇಲೆ ಚಾಚಿದ ಭಾಗದ) ತಳಕ್ಕೆ ಎಷ್ಟು, ಪಿನ್ನಿನಿಂದ ಟ್ರೇಲರ್ ಆಕ್ಸಲ್‌ಗಳ ನಡುಭಾಗಕ್ಕೆ ಎಷ್ಟು. ಕೊನೆಗೆ ಗಾಡಿ ಬಿಚ್ಚಿ, ಟ್ರೇಲರನ್ನು ಊರುಗಾಲಿನ ಮೇಲೆ ಸಮನಾಗಿ ನಿಲ್ಲಿಸಿದಾಗ ಅದೇ ಪಿನ್ ಮಟ್ಟ ನೆಲದಿಂದ ಎಷ್ಟು ಎತ್ತರದಲ್ಲಿದೆ ನೋಡಿ.

ದಾರಿಹೋಕ

ಬೆಡ್ ಗೋಡೆ 56 ಇಂಚು. ಹಿಚ್ ಪ್ಲೇಟು ಕೆಳಗಿನ ರಂಧ್ರದಲ್ಲಿ 50, ಮೇಲಿನದರಲ್ಲಿ 52. ಪಿನ್ನಿನಿಂದ ಮುಂಚಾಚಿಗೆ 10 ಇಂಚು, ಪಿನ್ನಿನಿಂದ ಆಕ್ಸಲ್ ನಡುವಿಗೆ 22 ಅಡಿ. ಟ್ರೇಲರ್ ಸಮನಾಗಿ ನಿಂತಾಗ ಪಿನ್ 47 ಇಂಚಿನಲ್ಲಿರುತ್ತದೆ. ಟೇಲ್‌ಗೇಟ್ ಪಿನ್ನಿನಿಂದ 4 ಅಡಿ ಹಿಂದೆ ಇದೆ.

ಎರಡಚ್ಚು

ಇನ್ನು ಲೆಕ್ಕ ಸುಲಭ. ನೀವು ಎರಡು ಸಮಸ್ಯೆಗಳನ್ನು ಒಂದೇ ಬೋಲ್ಟಿನಿಂದ ಬಗೆಹರಿಸಲು ಹೊರಟಿದ್ದೀರಿ, ಅದಕ್ಕೇ ಒಂದು ಕಡೆ ಎಳೆದರೆ ಇನ್ನೊಂದು ಕಡೆ ಹರಿಯುತ್ತಿದೆ.

ಬೆಡ್ಡಿಗೂ ಟ್ರೇಲರಿಗೂ ನಡುವಿನ ಅಂತರವನ್ನು ಮುಖ್ಯವಾಗಿ ನಿರ್ಧರಿಸುವುದು ಎರಡೇ ಅಳತೆ: ಪಿನ್ನಿನಿಂದ ಮುಂಚಾಚಿಗೆ ಇರುವ 10 ಇಂಚು, ಮತ್ತು ಹಿಚ್ ಪ್ಲೇಟಿಗಿಂತ ಬೆಡ್ ಗೋಡೆ ಎಷ್ಟು ಎತ್ತರದಲ್ಲಿದೆ ಎಂಬುದು. ಹಿಚ್ ಕೆಳಗಿದ್ದಾಗ ಗೋಡೆ 6 ಇಂಚು ಮೇಲಿದೆ. ಉಳಿದದ್ದು 4 ಇಂಚು, ಅದೂ ಪಿನ್ನಿನ ಹತ್ತಿರ. ಮೂತಿ 3 ಇಂಚು (47ರ ಬದಲು 50ಕ್ಕೆ) ಮೇಲೆದ್ದಿರುವುದರಿಂದ ಹಿಂದೆ ಹೋದಂತೆ ಟ್ರೇಲರಿನ ತಳ ಇಳಿಯುತ್ತದೆ. ಟೇಲ್‌ಗೇಟ್ ಹತ್ತಿರ ಸುಮಾರು ಮೂರೂವರೆ ಇಂಚು ಉಳಿಯುತ್ತದೆ. ಗಾಡಿ ಮತ್ತು ಟ್ರೇಲರ್ ಒಂದಕ್ಕೊಂದು ಉದ್ದುದ್ದಕ್ಕೆ 5 ಡಿಗ್ರಿ ಬಾಗಿದರೆ ಆ ಜಾಗದಲ್ಲಿ 4 ಇಂಚಿಗೂ ಹೆಚ್ಚು ಖರ್ಚಾಗುತ್ತದೆ. ಬಂಕಿನ ಇಳಿಜಾರು ಅಷ್ಟು ಬಾಗಿಸುವುದು ಅಪರೂಪವೇನಲ್ಲ, ತಿರುಗುವಾಗ ಅಡ್ಡ ವಾಲಿಕೆಯೂ ಸೇರುತ್ತದೆ. ಗೀರು ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ಐದೂವರೆಯಿಂದ 6 ಇಂಚು ಅಂತರ ಇರಲಿ ಎಂದು ಬಳಕೆದಾರರು ಹೇಳುವುದು ಇದಕ್ಕೇ.

ಏರ್‌ಬ್ಯಾಗ್ ಇದಕ್ಕೆ ಏನೂ ಮಾಡಲಾರದು. ಅದು ಹಿಂಭಾಗವನ್ನು ಎತ್ತಿದಾಗ ಹಿಚ್ ಪ್ಲೇಟೂ ಏರುತ್ತದೆ, ಬೆಡ್ ಗೋಡೆಯೂ ಏರುತ್ತದೆ. ಅಂತರ ಹಾಗೆಯೇ ಉಳಿದು ಮೂತಿ ಮಾತ್ರ ಇನ್ನಷ್ಟು ಮೇಲೇಳುತ್ತದೆ. ಕುಸಿದ ಸ್ಪ್ರಿಂಗಿಗೆ ಅದು ಮದ್ದು, ನಿಮ್ಮ ಕಾಯಿಲೆ ಬೇರೆ.

ಆದ್ದರಿಂದ ಮೊದಲು ಹಿಚ್ಚನ್ನು ಮತ್ತೆ 52ಕ್ಕೆ ಏರಿಸಿ. ಅಂತರ 6 ಇಂಚು ಆಯಿತು. ಹಿಚ್ ಕೆಳಗೇ ಇಟ್ಟು ಪಿನ್ ಬಾಕ್ಸನ್ನು (ಟ್ರೇಲರಿನಲ್ಲಿ ಕಿಂಗ್‌ಪಿನ್ ಹಿಡಿದಿರುವ ಪೆಟ್ಟಿಗೆ) ಎರಡು ಇಂಚು ಇಳಿಸಿದರೂ ಫಲ ಅದೇ. ಯಾವ ಬೋಲ್ಟು ಸುಲಭವಾಗಿ ಬಿಚ್ಚುತ್ತದೋ ಅದನ್ನು ಬಿಚ್ಚಿ. ಈಗ ಮೂತಿ 5 ಇಂಚು ಮೇಲಿದೆ. ಆ 5 ಇಂಚನ್ನು ಮುಂದೆ ಕಳೆಯಬೇಡಿ, ಹಿಂದೆ ಕೂಡಿಸಿ: ಟ್ರೇಲರನ್ನು ಅದರ ಆಕ್ಸಲ್‌ಗಳ ಮೇಲೆ ಎತ್ತಿ.

ನಿಧಾನಗತಿ

ಮೂತಿ ಮೇಲಿದ್ದರೆ ನೋಡಲು ಚೆನ್ನಾಗಿಲ್ಲ ಅಷ್ಟೇ ಅಲ್ಲವೇ? ಹಾಗೇ ಓಡಿಸುವವರು ಎಷ್ಟೋ ಜನ ಇದ್ದಾರೆ.

ಎರಡಚ್ಚು

ಇದ್ದಾರೆ, ಅವರ ಹಿಂದಿನ ಆಕ್ಸಲ್‌ನ ಟೈರು ನೋಡಿ. ಮೂತಿ ಎದ್ದಾಗ ಭಾರ ಹಿಂದಿನ ಆಕ್ಸಲ್ ಮೇಲೆ ವಾಲುತ್ತದೆ. ಟೈರು ಕಾಯುತ್ತದೆ, ಭಾರ ಕಡಿಮೆಯಾದ ಮುಂದಿನ ಆಕ್ಸಲ್ ಬ್ರೇಕ್ ಹಾಕಿದಾಗ ಬೇಗ ಲಾಕ್ ಆಗುತ್ತದೆ. ಲೀಫ್ ಸ್ಪ್ರಿಂಗ್‌ಗಳ ನಡುವೆ ಭಾರ ಹಂಚುವ ಈಕ್ವಲೈಸರ್ ಪಟ್ಟಿ ಸ್ವಲ್ಪ ಮಟ್ಟಿಗೆ ಹೊಂದಿಸುತ್ತದೆ. ಲೀಫ್ ಸ್ಪ್ರಿಂಗಿನ ಬದಲು ಒಳಗಿನ ರಬ್ಬರು ಭಾರ ತಡೆಯುವ ಟಾರ್ಷನ್ ಆಕ್ಸಲ್‌ನಲ್ಲಿ ಆ ಸೌಲಭ್ಯವೇ ಇಲ್ಲ, ಅಲ್ಲಿ ಒಂದೆರಡು ಇಂಚೂ ಲೆಕ್ಕಕ್ಕೆ ಬರುತ್ತದೆ.

ಕಮ್ಮಟ

ವೆಲ್ಡಿಂಗ್ ಕೆಲಸ ಮಾಡುವವನಾಗಿ ಎರಡು ಮಾತು. ದಾರಿಹೋಕ ಅವರೇ, ಟ್ರೇಲರಿನ ಕೆಳಗೆ ಬಗ್ಗಿ ನೋಡಿ. ಆಕ್ಸಲ್ ಸ್ಪ್ರಿಂಗಿನ ಮೇಲೆ ಕೂತಿದ್ದರೆ ನೀವು ಅದೃಷ್ಟವಂತರು. ಅದನ್ನು ಸ್ಪ್ರಿಂಗಿನ ಕೆಳಕ್ಕೆ ತಂದರೆ ಆಕ್ಸಲ್ ಕೊಳವೆಯ ದಪ್ಪ ಮತ್ತು ಸ್ಪ್ರಿಂಗ್ ಕಟ್ಟಿನ ದಪ್ಪ ಸೇರಿದಷ್ಟು, ಅಂದರೆ ಸಾಮಾನ್ಯವಾಗಿ 5 ಇಂಚಿನ ಆಸುಪಾಸು, ಟ್ರೇಲರ್ ಏರುತ್ತದೆ. ನಿಮಗೆ ಬೇಕಾದದ್ದೂ ಅಷ್ಟೇ. ಈಗಾಗಲೇ ಕೆಳಗಿದ್ದರೆ ಈ ದಾರಿ ಮುಚ್ಚಿದೆ. ಫ್ರೇಮಿಗೂ ಸ್ಪ್ರಿಂಗ್ ಹ್ಯಾಂಗರಿಗೂ ನಡುವೆ ಉಕ್ಕಿನ ಪೆಟ್ಟಿಗೆ ಕೊಳವೆ ಕೂರಿಸಬೇಕಾಗುತ್ತದೆ. ಟಾರ್ಷನ್ ಆಕ್ಸಲ್ ಇರುವವರಿಗೂ ಅಂಥದೇ ಸ್ಪೇಸರ್.

ಇದನ್ನು ‘ಆಕ್ಸಲ್ ಫ್ಲಿಪ್’ ಎನ್ನುತ್ತಾರೆಂದು ಆಕ್ಸಲ್ಲನ್ನೇ ತಲೆಕೆಳಗೆ ಮಾಡಬೇಡಿ. ಕೊಳವೆಗೆ ನಡುವಿನಲ್ಲಿ ಮೇಲ್ಮುಖವಾಗಿ ಅಲ್ಪ ಬಾಗು ಇರುತ್ತದೆ, ಭಾರ ಬಿದ್ದಾಗ ಚಕ್ರ ನೆಟ್ಟಗೆ ನಿಲ್ಲಲಿ ಎಂದು. ತಿರುಗಿಸಿಬಿಟ್ಟರೆ ಆ ಬಾಗು ಉಲ್ಟಾ ಆಗಿ ಟೈರಿನ ಒಳಅಂಚು ಸವೆದುಹೋಗುತ್ತದೆ. ಆಕ್ಸಲ್ ಇದ್ದ ಹಾಗೇ ಇರಲಿ; ಕೊಳವೆಯ ಮೇಲ್ಭಾಗಕ್ಕೆ ಹೊಸ ಸ್ಪ್ರಿಂಗ್ ಸೀಟುಗಳನ್ನು ವೆಲ್ಡ್ ಮಾಡಿಸಿ. ಆಕ್ಸಲ್ಲನ್ನು ಸ್ಪ್ರಿಂಗಿಗೆ ಬಿಗಿಯುವ ಹಳೆಯ ಯು-ಬೋಲ್ಟ್ ಮತ್ತೆ ಬಳಸಬೇಡಿ. ಬ್ರೇಕಿನ ವೈರುಗಳಿಗೆ ಉದ್ದ ಸಾಲುತ್ತದೆಯೇ ನೋಡಿ; ಇದನ್ನು ಮರೆತು ಮೊದಲ ಗುಂಡಿಯಲ್ಲೇ ವೈರು ಹರಿದುಕೊಂಡು ಬಂದ ಟ್ರೇಲರುಗಳು ನನ್ನ ಬಳಿಗೆ ಬರುತ್ತಲೇ ಇರುತ್ತವೆ.

ಹಸಿರುಕಣಿವೆ

ಇಷ್ಟೆಲ್ಲ ಯಾಕೆ? ಕಿಂಗ್‌ಪಿನ್ನಿಗೆ ಗೂಸ್‌ನೆಕ್ ಅಡಾಪ್ಟರ್, ಅಂದರೆ ಕೆಳಕ್ಕಿಳಿಯುವ ಉದ್ದ ಕೊಳವೆ, ಹಾಕಿ. ಬೆಡ್‌ನ ಹಿಚ್ಚೇ ಬೇಡ, ಬೆಡ್ಡಿನ ತಳದಲ್ಲಿರುವ ಉಕ್ಕಿನ ಬಾಲ್‌ಗೆ ಕೂರಿಸಿದರೆ ಆಯಿತು, ಎತ್ತರವೂ ಬೇಕಾದ ಹಾಗೆ.

ಕಮ್ಮಟ

ಉದ್ದನೆಯ ಕೊಳವೆ ಅಂದರೆ ಉದ್ದನೆಯ ಸನ್ನೆಕೋಲು. ಬ್ರೇಕ್ ಹಾಕಿದಾಗ ಬೀಳುವ ಒತ್ತಡ ಪಿನ್ ಬಾಕ್ಸ್ ಫ್ರೇಮಿಗೆ ಸೇರುವ ವೆಲ್ಡಿನ ಮೇಲೆ ಹಲವು ಪಟ್ಟು ಏರುತ್ತದೆ. ಫ್ರೇಮ್ ತಯಾರಿಸಿದವರು ಲಿಖಿತವಾಗಿ ಒಪ್ಪದಿದ್ದರೆ ವಾರಂಟಿಯ ಆಸೆ ಬಿಡಬೇಕು. ಅದಕ್ಕೂ ಮಿಗಿಲಾಗಿ, ಪಿನ್ ಎಷ್ಟು ಎತ್ತರದಲ್ಲಿ ಕೂರಬೇಕು ಎಂಬ ಲೆಕ್ಕ ಅಡಾಪ್ಟರ್ ಹಾಕಿದರೂ ಬದಲಾಗುವುದಿಲ್ಲ. ಬೆಡ್ ಗೋಡೆ ಇದ್ದಲ್ಲೇ ಇದೆ.

ಎರಡಚ್ಚು

ಒಪ್ಪುತ್ತೇನೆ. ದಾರಿಹೋಕ ಅವರೇ, ವೆಲ್ಡರ್ ಹತ್ತಿರ ಹೋಗುವ ಮುನ್ನ ಚಾವಣಿಯ ಎತ್ತರ ಅಳೆಯಿರಿ. ಏಸಿಯ ಮೇಲ್ತುದಿಯವರೆಗೆ, ಕರಪತ್ರದಲ್ಲಿ ಬರೆದದ್ದನ್ನು ನಂಬದೆ. ಅಮೆರಿಕದ ಪೂರ್ವ ಭಾಗದ ಬಹುತೇಕ ರಾಜ್ಯಗಳಲ್ಲಿ ಕಾನೂನಿನ ಮಿತಿ 13 ಅಡಿ 6 ಇಂಚು. ಈಗಾಗಲೇ 13 ಅಡಿ 3 ಇಂಚಿರುವ ಟ್ರೇಲರನ್ನು 5 ಇಂಚು ಎತ್ತುವ ಹಾಗಿಲ್ಲ. ಸೇತುವೆಗಳಂತೂ ಕಾನೂನು ಓದಿಕೊಂಡು ಕಟ್ಟಿದವಲ್ಲ: ಉತ್ತರ ಕೆರೊಲಿನಾದ ಡರಮ್‌ನಲ್ಲಿ ಟ್ರಕ್ಕುಗಳ ತಲೆ ಬೋಳಿಸುವುದಕ್ಕೇ ಹೆಸರಾದ ರೈಲು ಸೇತುವೆಯನ್ನು 2019ರಲ್ಲಿ 8 ಇಂಚು ಎತ್ತಿಸಿದರು, ಆದರೂ ಅದು 12 ಅಡಿ 4 ಇಂಚಷ್ಟೇ.

ದಾರಿಹೋಕ

ಅಳೆದೆ. ಸಮನಾಗಿ ನಿಂತಾಗ ಏಸಿಯ ತುದಿ 12 ಅಡಿ 8 ಇಂಚು. ಆಕ್ಸಲ್ ಸ್ಪ್ರಿಂಗಿನ ಮೇಲೇ ಇತ್ತು. ಹಿಚ್ ಮೇಲಿನ ರಂಧ್ರಕ್ಕೆ ಹೋಯಿತು, ಆಕ್ಸಲ್ ಕೆಲಸ ವೆಲ್ಡಿಂಗ್ ಶಾಪಿನಲ್ಲಿ ಮುಗಿಯಿತು. ಈಗ ಕೊಕ್ಕೆ ಹಾಕಿದಾಗ ಫ್ರೇಮು ಹಿಂದೆ ಮುಂದೆ ಒಂದೇ ಎತ್ತರ, ಟೇಲ್‌ಗೇಟ್ ಮೇಲೆ 6 ಇಂಚಿಗೆ ಕೂದಲೆಳೆಯಷ್ಟು ಕಡಿಮೆ, ಏಸಿ 13 ಅಡಿ 1 ಇಂಚು. ಅದೇ ಬಂಕಿಗೆ ಹೋಗಿ ಅದೇ ಕಡೆ ತಿರುಗಿಸಿದೆ, ಏನೂ ತಾಗಲಿಲ್ಲ. ಬಾಗಿಲಿನ ಮೆಟ್ಟಿಲು ಮಾತ್ರ ಈಗ ಏಣಿ ಹತ್ತಿದ ಹಾಗಿದೆ, ಊರುಗಾಲುಗಳೂ ಕೊನೆಯವರೆಗೆ ಇಳಿಯಬೇಕಾಗಿದೆ.

ಕಮ್ಮಟ

ಊರುಗಾಲಿನ ಒಳಕೊಳವೆಯನ್ನು ಪಿನ್ ತೆಗೆದು ಒಂದು ರಂಧ್ರ ಕೆಳಗಿಳಿಸಿ, ಸಾಲದಿದ್ದರೆ ಅಡಿಗೆ ಗಟ್ಟಿ ಮರದ ತುಂಡು. ಪೂರ್ತಿ ಚಾಚಿದ ಕಾಲಿನ ಮೇಲೆ ಟ್ರೇಲರ್ ಅಲುಗಾಡುತ್ತದೆ. ಮೆಟ್ಟಿಲಿಗೆ ಇನ್ನೊಂದು ಹಂತ ಸೇರಿಸಿ. ಮೊದಲ ಪ್ರಯಾಣದ ನಡುವೆ ಒಮ್ಮೆ ನಿಲ್ಲಿಸಿ ಯು-ಬೋಲ್ಟ್‌ಗಳನ್ನು ಟಾರ್ಕ್ ವ್ರೆಂಚಿನಿಂದ ಮತ್ತೆ ಬಿಗಿಯಿರಿ, ಹೊಸ ಸೀಟಿನ ಮೇಲೆ ಅವು ಸಡಿಲವಾಗುತ್ತವೆ. ಹಾಗೆಯೇ 13 ಅಡಿ 1 ಇಂಚು ಎಂದು ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ. ಹಳೆಯ 12 ಅಡಿ 8 ಇಂಚಿನ ಚೀಟಿ ಅಲ್ಲಿದ್ದರೆ ಕಿತ್ತುಹಾಕಿ.