ಜಿರೋನಾದಲ್ಲಿ ಏರು ಹತ್ತುವಾಗ ಚೈನ್ ಹಾರುತ್ತಿದೆ, ಕೇಬಲ್ ಬಿಗಿ ಮಾಡಿದರೂ ಸರಿಹೋಗುತ್ತಿಲ್ಲ

ಹಳ್ಳಿರಸ್ತೆ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಿಂದ ವಿಮಾನದಲ್ಲಿ ಸೈಕಲ್ ತಂದುಕೊಂಡು ಸ್ಪೇನ್‌ನ ಜಿರೋನಾಕ್ಕೆ ಬಂದಿದ್ದೇನೆ. ಬಹಳ ವರ್ಷಗಳ ಆಸೆ ಇದು. ಹಳೇ ಊರಿನ ಕೋಟೆಗೋಡೆ ದಾಟಿ ಹತ್ತು ನಿಮಿಷ ತುಳಿದರೆ ಸಾಕು, ಆಲಿವ್ ಮರ, ಗೋಧಿ ಹೊಲ, ಕಲ್ಲಿನ ಮನೆಗಳ ಸಣ್ಣ ಊರುಗಳು. ಆದರೆ ಸೈಕಲ್ ಕೈಕೊಟ್ಟಿದೆ.

ನಿನ್ನೆ ಎಲ್ಸ್ ಆಂಜಲ್ಸ್ ಏರಿಗೆ ಹೋದೆ. ಸಪಾಟು ರಸ್ತೆಯಲ್ಲಿ, ಹಿಂದಿನ ಗಾಲಿಯ ಚಿಕ್ಕ ಕಾಗ್‌ಗಳಲ್ಲಿ (ಚೈನ್ ಕೂರುವ ಹಲ್ಲಿನ ಚಕ್ರಗಳಲ್ಲಿ) ಎಲ್ಲ ಸರಿ ಇತ್ತು. ಏರು ಶುರುವಾಗಿ ಹಿಂದಿನ ದೊಡ್ಡ ಕಾಗ್‌ಗಳಿಗೆ ಬಂದ ಕೂಡಲೇ ಟಕ್ ಟಕ್ ಸದ್ದು. ಎದ್ದು ನಿಂತು ತುಳಿದರೆ ಚೈನ್ ಪಕ್ಕದ ಕಾಗ್‌ಗೆ ಹಾರುತ್ತದೆ. ಬ್ಯಾರೆಲ್ ಅಡ್ಜಸ್ಟರ್ (ಗೇರ್ ಕೇಬಲ್‌ನ ಬಿಗಿ ಹೊಂದಿಸುವ ಸ್ಕ್ರೂ) ತಿರುಗಿಸಿ ದೊಡ್ಡ ಕಾಗ್‌ಗಳನ್ನು ಸರಿಮಾಡಿದರೆ ಚಿಕ್ಕವು ಕೆಡುತ್ತವೆ.

ಕಾರ್ಬನ್ ಫ್ರೇಮ್, 11 ಸ್ಪೀಡ್ ಶಿಮಾನೊ 105, ಕೇಬಲ್ ಗೇರ್. ಹಲ್ಲುಗಳ ಲೆಕ್ಕದಲ್ಲಿ ಮುಂದಿನ ಚಕ್ರಗಳು 52/36, ಹಿಂದಿನ ಕಾಗ್‌ಗಳು 11-28. ಪ್ಯಾಕ್ ಮಾಡುವ ಮೊದಲು ಒಂದು ಸದ್ದೂ ಇರಲಿಲ್ಲ. ಇದೇ ವಾರ ರೊಕಾಕೊರ್ಬಾ ಬೆಟ್ಟ ಹತ್ತಬೇಕು ಅಂತ ಇದೆ. ದಯವಿಟ್ಟು ದಾರಿ ತೋರಿಸಿ.

ಫ್ರೀಹಬ್:
ಮೂರು ಪ್ರಶ್ನೆ. ಚೈನ್ ಎಷ್ಟು ಹಳೆಯದು? ಹಿಂದಿನ ಗಾಲಿ ಸರಿಯಾಗಿ ಕೂತಿದೆಯಾ? ಸೈಕಲ್ ಬಾಕ್ಸ್ ಯಾವ ಸ್ಥಿತಿಯಲ್ಲಿ ಕೈಗೆ ಬಂತು?

ಗಾಲಿಯ ಬಗ್ಗೆ ಯಾಕೆ ಕೇಳಿದೆ ಅಂದರೆ, ಪ್ಯಾಕಿಂಗ್‌ಗೆ ಗಾಲಿ ಬಿಚ್ಚಿ ಮತ್ತೆ ಹಾಕಿದಾಗ ಒಂದು ಬದಿ ಸ್ವಲ್ಪ ಎತ್ತಿ ಕೂತರೂ ಗೇರ್ ಹೀಗೇ ಆಡುತ್ತದೆ. ಸೈಕಲ್ಲನ್ನು ನೆಲದ ಮೇಲೆ ನಿಲ್ಲಿಸಿ, ಗಾಲಿಯನ್ನು ಹಿಡಿದಿಡುವ ಕ್ವಿಕ್ ರಿಲೀಸ್ ಸಡಿಲಿಸಿ, ಸೀಟಿನ ಮೇಲೆ ಸ್ವಲ್ಪ ಭಾರ ಹಾಕಿ ಮತ್ತೆ ಬಿಗಿ ಮಾಡಿ. ಚೈನನ್ನು ಕಾಗ್‌ನಿಂದ ಕಾಗ್‌ಗೆ ಸರಿಸುವ ಡಿರೇಲರ್‌ಗೆ ಹೋಗುವ ಕೇಬಲ್‌ನ ಹೊರ ಕವಚದ ತುದಿ ಅದರ ಗೂಡಿನಲ್ಲಿ ಪೂರ್ತಿ ಕೂತಿದೆಯಾ ಅಂತಲೂ ನೋಡಿ.

ಹಳ್ಳಿರಸ್ತೆ:
ಚೈನ್ ಹೊಸದು, ಹೊರಡುವ ಮೊದಲು ಅಳತೆ ನೋಡಿದ್ದೆ, ಸವೆದಿಲ್ಲ. ಗಾಲಿ ಬಿಚ್ಚಿ ಮತ್ತೆ ಕೂರಿಸಿದೆ, ವ್ಯತ್ಯಾಸ ಇಲ್ಲ. ಕೇಬಲ್ ತುದಿಗಳೂ ಸರಿ ಇವೆ. ಬಾಕ್ಸ್‌ನ ಒಂದು ಬದಿ ಒಳಕ್ಕೆ ಕುಸಿದಿತ್ತು. ಆದರೆ ಫ್ರೇಮ್ ಮೇಲೆ ಒಂದು ಗೀರೂ ಇಲ್ಲ.

ಗಾಲಿ ಗ್ಯಾರೇಜ್:
ಕುಸಿದದ್ದು ಡಿರೇಲರ್ ಇದ್ದ ಬದಿಯೇ ಆಗಿದ್ದರೆ ಅನುಮಾನವೇ ಬೇಡ, ಡಿರೇಲರನ್ನು ಫ್ರೇಮ್‌ಗೆ ಹಿಡಿದಿಡುವ ತುಂಡು, ಅಂದರೆ ಹ್ಯಾಂಗರ್, ಬಾಗಿದೆ. ಇನ್ನು ಬ್ಯಾರೆಲ್ ಅಡ್ಜಸ್ಟರ್ ಮುಟ್ಟಬೇಡಿ. ಆ ಸ್ಕ್ರೂನಿಂದ ಈ ತೊಂದರೆ ಹೋಗುವುದಿಲ್ಲ.

ನೀವೇ ಬರೆದ ಮಾತಿನಲ್ಲಿ ಉತ್ತರ ಇದೆ. ಕೇಬಲ್ ಸಡಿಲವಾದರೆ ತಪ್ಪು ಎಲ್ಲ ಕಾಗ್‌ಗಳಲ್ಲೂ ಹೆಚ್ಚುಕಮ್ಮಿ ಒಂದೇ ತರಹ ಇರುತ್ತದೆ. ಹ್ಯಾಂಗರ್ ಬಾಗಿದರೆ ಹಾಗಲ್ಲ. ಒಂದು ತುದಿ ಸರಿಮಾಡಿದರೆ ಇನ್ನೊಂದು ತುದಿ ಕೆಡುತ್ತದೆ. ಡಿರೇಲರ್ ಓರೆಯಾಗಿ ನೇತಾಡುವುದರಿಂದ ಚೈನ್ ಕಾಗ್‌ಗೆ ನೇರವಾಗಿ ಬರುವುದಿಲ್ಲ. 11 ಸ್ಪೀಡ್ ಕ್ಯಾಸೆಟ್‌ನಲ್ಲಿ (ಹಿಂದಿನ ಕಾಗ್‌ಗಳ ಗೊಂಚಲಿನಲ್ಲಿ) ಒಂದು ಕಾಗ್‌ನಿಂದ ಇನ್ನೊಂದಕ್ಕೆ 4 ಮಿಲಿಮೀಟರ್‌ಗೂ ಕಮ್ಮಿ ಅಂತರ. ಇಷ್ಟು ಸಣ್ಣ ಜಾಗದಲ್ಲಿ ಕೂದಲೆಳೆಯ ಓರೆಯೂ ಸದ್ದು ಮಾಡುತ್ತದೆ.

ಫ್ರೇಮ್‌ಗೆ ಏನೂ ಆಗಿಲ್ಲ ಅಂದಿರಲ್ಲ, ಅದೂ ಸರಿಯೇ. ಹ್ಯಾಂಗರ್ ಅನ್ನೋದು ಮೆತ್ತಗಿನ ಅಲ್ಯುಮಿನಿಯಂ ತುಂಡು. ಪೆಟ್ಟು ಬಿದ್ದಾಗ ಅದು ಬಾಗಬೇಕು ಅಥವಾ ಮುರಿಯಬೇಕು, ಫ್ರೇಮ್ ಉಳಿಯಬೇಕು. ಅದಕ್ಕೇ ಬಿಚ್ಚಿ ಬದಲಿಸುವ ಹಾಗೆ ಮಾಡಿರುತ್ತಾರೆ.

ಈಗಲೇ ಒಂದು ಪರೀಕ್ಷೆ ಮಾಡಿ. ಚೈನನ್ನು ನಡುವಿನ ಕಾಗ್‌ಗೆ ಹಾಕಿ, ಸೈಕಲ್ಲಿನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಕಣ್ಣನ್ನು ಕ್ಯಾಸೆಟ್ ಮಟ್ಟಕ್ಕೆ ತನ್ನಿ. ಡಿರೇಲರ್‌ನ ಎರಡು ಪುಟ್ಟ ಚಕ್ರಗಳು ಕಾಗ್‌ನ ನೇರಕ್ಕೇ ಕೆಳಗೆ ಇಳಿಯಬೇಕು. ಕೆಳಗಿನದು ಸ್ಪೋಕ್ ಕಡೆ ವಾಲಿದ್ದರೆ ವಿಷಯ ಖಾತ್ರಿ.

ಇನ್ನು ಮುಖ್ಯವಾದ ಮಾತು. ಒಳಕ್ಕೆ ಬಾಗಿದ ಹ್ಯಾಂಗರ್ ಇಟ್ಟುಕೊಂಡು 28ರ ಕಾಗ್‌ಗೆ ಹೋಗಲೇಬೇಡಿ. ಡಿರೇಲರ್ ಸ್ಪೋಕ್‌ಗೆ ಸಿಕ್ಕಿಕೊಂಡರೆ ಗಾಲಿ ಅಲ್ಲೇ ನಿಲ್ಲುತ್ತದೆ. ಡಿರೇಲರ್, ಗಾಲಿ, ಕೆಲವೊಮ್ಮೆ ಫ್ರೇಮ್ ಕೂಡ ಒಟ್ಟಿಗೆ ಹೋಗುತ್ತವೆ. ಅಂಗಡಿ ಮುಟ್ಟುವವರೆಗೆ ಡಿರೇಲರ್‌ನಲ್ಲಿ ಎಲ್ (L) ಅಂತ ಬರೆದಿರುವ ಲಿಮಿಟ್ ಸ್ಕ್ರೂವನ್ನು ಬಲಕ್ಕೆ ತಿರುಗಿಸುತ್ತಾ ಹೋಗಿ, ಚೈನ್ 25ರಲ್ಲೇ ನಿಲ್ಲುವ ಹಾಗೆ ಮಾಡಿ.

ರಿಪೇರಿಗೆ ಹ್ಯಾಂಗರ್ ಗೇಜ್ ಬೇಕು. ಡಿರೇಲರ್ ಬಿಚ್ಚಿ ಆ ತೂತಿಗೆ ಗೇಜ್ ಹಾಕಿ, ರಿಮ್‌ನಿಂದ ಎಷ್ಟು ದೂರ ಇದೆ ಅಂತ ಮೇಲೆ, ಕೆಳಗೆ, ಮುಂದೆ, ಹಿಂದೆ ನಾಲ್ಕೂ ಕಡೆ ನೋಡುತ್ತಾರೆ. ಅಂತರದ ವ್ಯತ್ಯಾಸ 4 ಮಿ.ಮೀ. ಒಳಗೆ ಬರಬೇಕು. ಸುಮ್ನೆ ಕೈಯಲ್ಲಿ ಎಳೆದು ನೆಟ್ಟಗೆ ಮಾಡಲು ಹೋಗಬೇಡಿ, ಕಾರ್ಬನ್ ಫ್ರೇಮ್‌ನಲ್ಲಂತೂ ಬೇಡವೇ ಬೇಡ. ಬಾಗಿದ್ದು ಜಾಸ್ತಿ ಇದ್ದರೆ ಹೊಸದೇ ಹಾಕಿಸಿ. ಒಮ್ಮೆ ಬಾಗಿ ನೆಟ್ಟಗಾದ ಅಲ್ಯುಮಿನಿಯಂ ಅದೇ ಜಾಗದಲ್ಲಿ ಮುರಿಯಬಹುದು.

ಕತಲಾನ್ ಕನ್ನಡಿಗ:
ನಾನು ಬಾರ್ಸಿಲೋನಾದಲ್ಲಿ ಕೆಲಸದಲ್ಲಿದ್ದೇನೆ, ರಜೆ ಸಿಕ್ಕಾಗ ಜಿರೋನಾ ಕಡೆ ತುಳಿಯುತ್ತೇನೆ. ಸೈಕಲ್ ಕೆಡುವುದಕ್ಕೆ ಇದಕ್ಕಿಂತ ಒಳ್ಳೆ ಊರು ಸಿಗುವುದಿಲ್ಲ. ವೃತ್ತಿಪರ ಸವಾರರು ವರ್ಷಗಳಿಂದ ಇಲ್ಲಿ ಮನೆ ಮಾಡಿಕೊಂಡಿರುವುದರಿಂದ ಸೈಕಲ್ ಅಂಗಡಿಗಳಿಗೆ ಬರ ಇಲ್ಲ, ಗೇಜ್ ಇಟ್ಟುಕೊಂಡಿರುತ್ತಾರೆ. ಹ್ಯಾಂಗರ್‌ಗೆ ಸ್ಪ್ಯಾನಿಷ್‌ನಲ್ಲಿ ‘ಪತೀಯಾ ದೆ ಕಾಂಬ್ಯೊ’ ಅಂತ ಕೇಳಿ. ಆದರೆ ಒಂದೊಂದು ಫ್ರೇಮ್‌ಗೆ ಒಂದೊಂದು ಆಕಾರದ ಹ್ಯಾಂಗರ್. ಸೈಕಲ್ಲನ್ನೇ ತೆಗೆದುಕೊಂಡು ಹೋಗಿ, ಫೋಟೊ ಸಾಲದು.

ಹೊಸದಕ್ಕೆ ಕಾಯಬೇಕಾಗಿ ಬಂದರೆ ರೂಮಿನಲ್ಲಿ ಕೂರಬೇಡಿ. ಬಾಡಿಗೆ ಸೈಕಲ್ ಹಿಡಿದು ಎಂಪೊರ್ದಾ ಬಯಲಿಗೆ ಹೋಗಿ. ಮೊನೆಲ್ಸ್, ಪೆರತಲ್ಯಾದಾ ಎಲ್ಲ ಮಧ್ಯಯುಗದ ಕಲ್ಲಿನ ಊರುಗಳು, ನಡುವಿನ ಹಳ್ಳಿರಸ್ತೆಗಳಲ್ಲಿ ವಾಹನ ಕಮ್ಮಿ. ಹೊರಡುವ ಮೊದಲು ಗಾಳಿ ನೋಡಿಕೊಳ್ಳಿ. ತ್ರಾಮುಂತಾನಾ ಅಂತ ಉತ್ತರದಿಂದ ಬೀಸುವ ಒಣ ಗಾಳಿ ಇದೆ. ಅದು ಎದ್ದ ದಿನ ಬಯಲಿನಲ್ಲಿ ಸೈಕಲ್ ಹಿಡಿಯುವುದೇ ಕಷ್ಟ. ಅಂಥ ದಿನ ಬೆಳಿಗ್ಗೆ ಉತ್ತರಕ್ಕೆ ಹೋಗಿ, ವಾಪಸ್ ಬರುವಾಗ ಗಾಳಿಯೇ ತಳ್ಳುತ್ತದೆ.

ಬಾಡಿಗೆ ಸೈಕಲ್‌ಗಳಲ್ಲಿ ಎಡಗೈ ಲಿವರ್ ಮುಂದಿನ ಬ್ರೇಕಿಗೆ. ನಿಮ್ಮದರಲ್ಲಿ ಬಲಗೈಗೆ ಇದ್ದರೆ, ಇಳಿಜಾರಿಗೆ ಹೋಗುವ ಮೊದಲು ಖಾಲಿ ಜಾಗದಲ್ಲಿ ಅಭ್ಯಾಸ ಮಾಡಿ. ಊರಿನ ಹೊರಗೆ ಹೆಲ್ಮೆಟ್ ಕಡ್ಡಾಯ. ಇಬ್ಬರು ಜೊತೆಯಾಗಿ ಅಕ್ಕಪಕ್ಕ ತುಳಿಯಲು ಕಾನೂನು ಬಿಡುತ್ತದೆ. ಕಾರಿನವರು ಕನಿಷ್ಠ ಒಂದೂವರೆ ಮೀಟರ್ ಅಂತರ ಬಿಟ್ಟು ದಾಟಬೇಕು. 2022ರಿಂದ, ಒಂದೇ ದಿಕ್ಕಿಗೆ ಎರಡು ಲೇನ್ ಇದ್ದರೆ ಪೂರ್ತಿ ಪಕ್ಕದ ಲೇನ್‌ಗೇ ಹೋಗಬೇಕು. ಹಿಂದೆ ಕಾರು ಸುಮ್ಮನೆ ಕಾಯುತ್ತಾ ಬರುತ್ತಿದ್ದರೆ ಗಾಬರಿಯಾಗಿ ರಸ್ತೆ ಬಿಟ್ಟು ಅಂಚಿಗೆ ಇಳಿಯಬೇಡಿ. ನೇರವಾಗಿ ತುಳಿಯಿರಿ, ಜಾಗ ಸಿಕ್ಕಾಗ ಅವರೇ ದಾಟುತ್ತಾರೆ.

ಹಳ್ಳಿರಸ್ತೆ:
ಗಾಲಿ ಗ್ಯಾರೇಜ್ ಅವರೇ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಹಿಂದಿನಿಂದ ನೋಡಿದಾಗ ಕೆಳಗಿನ ಪುಟ್ಟ ಚಕ್ರ ಸ್ಪೋಕ್ ಕಡೆ ವಾಲಿದ್ದು ಬರಿಗಣ್ಣಿಗೇ ಕಾಣಿಸಿತು. ಕುಸಿದ ಬದಿಯೂ ಅದೇ. ಅಂಗಡಿಯವರು ಗೇಜ್ ಹಾಕಿ ತೋರಿಸಿದರು, ಮೇಲಕ್ಕೂ ಕೆಳಕ್ಕೂ ಭಾರಿ ವ್ಯತ್ಯಾಸ. ನನ್ನ ಫ್ರೇಮ್‌ನ ಹ್ಯಾಂಗರ್ ತರಿಸಬೇಕಂತೆ. ಅಲ್ಲಿವರೆಗೆ ಹಳೆಯದನ್ನೇ ನೆಟ್ಟಗೆ ಮಾಡಿ ಗೇರ್ ಹೊಂದಿಸಿ ಕೊಟ್ಟಿದ್ದಾರೆ. ಹನ್ನೊಂದೂ ಕಾಗ್ ಈಗ ಸದ್ದಿಲ್ಲದೆ ಬೀಳುತ್ತಿವೆ.

ರೊಕಾಕೊರ್ಬಾಕ್ಕೆ ಇದನ್ನೇ ನಂಬಿ ಹೋಗಬಹುದಾ?

ಗಾಲಿ ಗ್ಯಾರೇಜ್:
ಹೊಸದು ಬರುವವರೆಗೆ ಬೇಡ. ಅಲ್ಲಿ ಪೂರ್ತಿ ಬಲ ಹಾಕಿ, ಅದೂ ದೊಡ್ಡ ಕಾಗ್‌ನಲ್ಲೇ ತುಳಿಯುತ್ತೀರಿ. ಹ್ಯಾಂಗರ್ ಮುರಿದರೆ ಡಿರೇಲರ್ ಹೋಗುವುದು ಸ್ಪೋಕ್‌ಗೇ. ಎಲ್ಸ್ ಆಂಜಲ್ಸ್ ನಿಧಾನಕ್ಕೆ ಹತ್ತಿ ಬನ್ನಿ, ಪರೀಕ್ಷೆಗೆ ಅದು ಸಾಕು.

ಫ್ರೀಹಬ್:
ಹ್ಯಾಂಗರ್ ಜೊತೆಗೆ ಗೇರ್ ಅನುಪಾತವನ್ನೂ ಯೋಚಿಸಿ. ನಿಮ್ಮ ಅತಿ ಹಗುರ ಗೇರ್ 36/28. ನಿಮಿಷಕ್ಕೆ 60 ಸುತ್ತು ತುಳಿದರೂ ವೇಗ ಗಂಟೆಗೆ ಹತ್ತಿರ ಹತ್ತಿರ 10 ಕಿ.ಮೀ. ಆಗಲೇಬೇಕು. ಹತ್ತು ಪರ್ಸೆಂಟ್ ಏರಿನಲ್ಲಿ, ಸೈಕಲ್ ಸೇರಿ 85 ಕೆಜಿ ತೂಕ ಇದ್ದರೆ, ಅದಕ್ಕೆ 230 ವ್ಯಾಟ್‌ಗೂ ಮೇಲೆ ಬೇಕು. ನಂದಿಯಲ್ಲಿ ಅಂಥ ತುಂಡು ಬಂದು ಬೇಗ ಮುಗಿಯುತ್ತದೆ. ರೊಕಾಕೊರ್ಬಾದ ಮುಖ್ಯ ಏರು ಸುಮಾರು 10 ಕಿ.ಮೀ., ಸರಾಸರಿ ಆರೂವರೆ ಪರ್ಸೆಂಟ್ ಆಸುಪಾಸು, ನಡುವೆ ಹತ್ತು ದಾಟುವ ತುಂಡುಗಳು ಒಂದರ ಹಿಂದೆ ಒಂದು. ಸದ್ದು ಬಂದದ್ದು ಹ್ಯಾಂಗರ್‌ನಿಂದ, ಒಪ್ಪಿದೆ. ಮಂಡಿನೋವು ಬರುವುದು ಈ ಗೇರ್‌ನಿಂದ.

ನಿಮ್ಮದು R7000 ಮಾದರಿಯ 105 ಆಗಿದ್ದು, ಡಿರೇಲರ್ ಶಾರ್ಟ್ ಕೇಜ್ (ಎರಡು ಪುಟ್ಟ ಚಕ್ರಗಳನ್ನು ಹಿಡಿದ ತೋಳು ಗಿಡ್ಡ) ಆಗಿದ್ದರೆ 30 ಹಲ್ಲಿನ ಕಾಗ್‌ವರೆಗೆ ಹಾಕಬಹುದು. ಉದ್ದ ಕೇಜ್ ಇದ್ದರೆ 34. ಕ್ಯಾಸೆಟ್ ಬದಲಿಸಿದರೆ ಚೈನ್ ಉದ್ದ ಸಾಕಾಗುತ್ತದಾ ನೋಡಿಸಿ.

ಹಳ್ಳಿರಸ್ತೆ:
ಉದ್ದ ಕೇಜ್ ಇದೆ. 11-34 ಕ್ಯಾಸೆಟ್, ಹೊಸ ಚೈನ್ ಎರಡನ್ನೂ ಹೊಸ ಹ್ಯಾಂಗರ್ ಜೊತೆಗೇ ಹಾಕಿಸುತ್ತೇನೆ. ಇವತ್ತು ಎಲ್ಸ್ ಆಂಜಲ್ಸ್ ಮತ್ತೆ ಹತ್ತಿದೆ, ಕೂತೇ ತುಳಿದೆ. ಒಂದು ಸಲವೂ ಚೈನ್ ಹಾರಲಿಲ್ಲ. ಮೇಲಿನ ಪುಟ್ಟ ಚರ್ಚ್‌ನಲ್ಲೇ ಚಿತ್ರಕಾರ ದಾಲಿ ಮತ್ತು ಗಾಲಾ 1958ರಲ್ಲಿ ಮದುವೆಯಾದದ್ದಂತೆ. ಆಚೆ ಬದಿಗೆ ಮದ್ರಮಾನ್ಯ ಊರಿಗೆ ಇಳಿಯುವ ದಾರಿ ಎಷ್ಟು ಚೆನ್ನಾಗಿದೆ ಅಂದರೆ, ಗೇರ್ ಕಡೆ ಗಮನವೇ ಹೋಗಲಿಲ್ಲ.

ಕತಲಾನ್ ಕನ್ನಡಿಗ:
ರೊಕಾಕೊರ್ಬಾಕ್ಕೆ ಹೋಗುವ ದಿನ ಬೇಗ ಹೊರಡಿ. ಜಿರೋನಾದಿಂದ ಬನ್ಯೋಲಸ್‌ವರೆಗೆ ಸುಮಾರು 20 ಕಿ.ಮೀ. ಕಾಲು ಬಿಸಿಯಾಗಲು ಸರಿಯಾದ ದೂರ. ಅಲ್ಲಿನ ಸರೋವರದಲ್ಲೇ 1992ರ ಒಲಿಂಪಿಕ್ಸ್‌ನ ರೋಯಿಂಗ್ ನಡೆದದ್ದು. ಬಾಟಲಿಗಳನ್ನು ಬನ್ಯೋಲಸ್‌ನಲ್ಲೇ ತುಂಬಿಸಿಕೊಳ್ಳಿ, ಏರಿನ ಮೇಲೆ ಅಂಗಡಿ ನಂಬಿಕೊಳ್ಳಬೇಡಿ. ರಸ್ತೆ ಬೆಟ್ಟದ ಮೇಲೆ, ಆಂಟೆನಾಗಳಿರುವ ತುದಿಯಲ್ಲೇ ಮುಗಿಯುತ್ತದೆ. ಅದೇ ದಾರಿಯಲ್ಲಿ ಇಳಿಯಬೇಕು. ರಸ್ತೆ ಅಗಲ ಕಮ್ಮಿ, ಎದುರಿಗೆ ಹತ್ತಿ ಬರುವವರು ಇರುತ್ತಾರೆ. ತಿರುವಿನಲ್ಲಿ ನಿಮ್ಮ ಬಲಬದಿ ಬಿಡಬೇಡಿ. ನಮ್ಮ ಎಡಗಡೆಯ ಅಭ್ಯಾಸ ಸುಸ್ತಾದಾಗಲೇ ವಾಪಸ್ ಬರುವುದು.

ಹಳ್ಳಿರಸ್ತೆ:
ಹೊಸ ಹ್ಯಾಂಗರ್, 34ರ ಕ್ಯಾಸೆಟ್ ಎರಡೂ ಹಾಕಿಸಿ ರೊಕಾಕೊರ್ಬಾ ಹತ್ತಿ ಬಂದೆ! ಕಡಿದಾದ ತುಂಡುಗಳಲ್ಲೂ ಕೂತೇ ತುಳಿಯಲು ಆಯಿತು. ಮೇಲಿನಿಂದ ಬನ್ಯೋಲಸ್ ಸರೋವರ ಪೂರ್ತಿ ಕಾಣಿಸಿತು. ಎಲ್ಲರಿಗೂ ಮನಸಾರೆ ಧನ್ಯವಾದ.

ಒಂದೇ ಪ್ರಶ್ನೆ ಉಳಿದಿದೆ. ವಾಪಸ್ ಬರುವಾಗ ಇದೇ ಕಥೆ ಆಗದಿರಲು ಏನು ಮಾಡಲಿ?

ಗಾಲಿ ಗ್ಯಾರೇಜ್:
ಡಿರೇಲರನ್ನು ಹ್ಯಾಂಗರ್‌ನಿಂದಲೇ ಬಿಚ್ಚಿಬಿಡಿ. ಒಂದೇ ಬೋಲ್ಟ್. ಕೇಬಲ್ ಬಿಚ್ಚಬೇಕಿಲ್ಲ, ಚೈನ್ ಕತ್ತರಿಸಬೇಕಿಲ್ಲ. ದಪ್ಪ ಬಟ್ಟೆಯಲ್ಲಿ ಸುತ್ತಿ, ಹಿಂದಿನ ಗಾಲಿ ಇರುವ ಜಾಗದಲ್ಲಿ, ಫ್ರೇಮ್‌ನ ಎರಡು ಕೊಳವೆಗಳ ನಡುವೆ ಟೇಪ್ ಹಾಕಿ ಕಟ್ಟಿ. ಗಾಲಿ ಇಲ್ಲದ ಆ ಸಂದಿಗೆ ಅಡ್ಡವಾಗಿ ಒಂದು ಗಟ್ಟಿ ಪ್ಲಾಸ್ಟಿಕ್ ತುಂಡು ಕೂರಿಸಿ, ಫ್ರೇಮ್ ಅಮುಕಿಹೋಗುವುದಿಲ್ಲ. ಅಂಗಡಿಯವರ ಹತ್ತಿರ ಹೊಸ ಬೈಕ್ ಜೊತೆ ಬಂದ ಅಂಥ ತುಂಡುಗಳು ಬಿದ್ದಿರುತ್ತವೆ, ಕೇಳಿದರೆ ಕೊಡುತ್ತಾರೆ. ಅದೇ ಅಂಗಡಿಯಲ್ಲಿ ನಿಮ್ಮ ಫ್ರೇಮ್‌ನ ಇನ್ನೊಂದು ಹ್ಯಾಂಗರ್ ಕೂಡ ಕೊಂಡು ಸೀಟಿನ ಕೆಳಗಿನ ಚೀಲದಲ್ಲಿ ಇಟ್ಟುಕೊಳ್ಳಿ.