ವಿಎಸ್ ಕೋಡ್ + ಲೇಟೆಕ್ ವರ್ಕ್‌ಶಾಪ್: ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಒತ್ತಕ್ಷರ ಚೆಲ್ಲಾಪಿಲ್ಲಿ, ಪಿಡಿಎಫ್ ಸಹ ಅಪ್‌ಡೇಟ್ ಆಗುದಿಲ್ಲ

ಬದಿಯಡ್ಕ_ಗಣಿತ:

ಎಲ್ರಿಗೂ ನಮಸ್ಕಾರ. ನಾನು ಕಾಸರಗೋಡು ಕಡೆ ಒಂದು ಕನ್ನಡ ಮೀಡಿಯಂ ಹೈಸ್ಕೂಲಲ್ಲಿ ಗಣಿತ ಟೀಚರ್. ಯೂನಿಟ್ ಟೆಸ್ಟಿನ ಪೇಪರ್ ಇಷ್ಟರವರೆಗೆ ಪೇಟೆಯ ಡಿಟಿಪಿ ಅಂಗಡಿಗೆ ಕೊಡ್ತಾ ಇದ್ದದ್ದು, ಅವರು ವರ್ಗಮೂಲ, ಭಿನ್ನರಾಶಿ ಎಲ್ಲ ಚಿತ್ರ ಮಾಡಿ ಅಂಟಿಸಿ ಕೊಡ್ತಾರೆ, ಮತ್ತೆ ಒಂದು ಸಂಖ್ಯೆ ಬದಲಾಯಿಸ್ಬೇಕಾದ್ರೂ ಪುನಃ ಬಸ್ಸು ಹತ್ತಬೇಕು. ಹಾಗಾಗಿ ನಾನೇ ಲೇಟೆಕ್ಕಲ್ಲಿ (ಸೂತ್ರ ಎಲ್ಲ ಕಮಾಂಡಾಗಿ ಬರೆದು ಪಿಡಿಎಫ್ ಮಾಡುವ ವ್ಯವಸ್ಥೆ) ಮಾಡುವ ಅಂತ ವಿಂಡೋಸ್ ಲ್ಯಾಪ್‌ಟಾಪಿಗೆ ಮಿಕ್‌ಟೆಕ್ (ಲೇಟೆಕ್ಕಿನ ಪ್ರೋಗ್ರಾಂಗಳ ಕಟ್ಟು) ಹಾಕಿದೆ, ಬರೀಲಿಕ್ಕೆ ವಿಎಸ್ ಕೋಡ್ ಎಡಿಟರ್ ಹಾಕಿದೆ, ಅದಕ್ಕೆ ಲೇಟೆಕ್ ವರ್ಕ್‌ಶಾಪ್ ಎಕ್ಸ್‌ಟೆನ್ಶನ್ ಸಹ ಹಾಕಿ ಆಯ್ತು.

ಈಗ ಕತೆ ಎಂತ ಅಂದ್ರೆ, ಪಿಡಿಎಫ್ ಮಾಡ್ಲಿಕ್ಕೆ ಬಿಲ್ಡ್ ಒತ್ತಿದ್ರೆ ಪರ್ಲ್ (ಒಂದು ಪ್ರೋಗ್ರಾಮಿಂಗ್ ಭಾಷೆ) ಸಿಗ್ಲಿಲ್ಲ ಅಂತ ಎರರ್. ಎಕ್ಸ್‌ಟೆನ್ಶನ್ ತೆಗ್ದು ಪುನಃ ಹಾಕಿದ್ರೂ ಅದೇ. ಟರ್ಮಿನಲ್ಲಲ್ಲಿ ಪಿಡಿಎಫ್‌ಲೇಟೆಕ್ (ಲೇಟೆಕ್ ಫೈಲನ್ನು ಪಿಡಿಎಫ್ ಮಾಡುವ ಎಂಜಿನ್) ಓಡಿಸಿದ್ರೆ ಇಂಗ್ಲಿಷ್ ಫೈಲ್ ಸರಿ ಬರ್ತದೆ, ಕನ್ನಡದ್ದಕ್ಕೆ ಯೂನಿಕೋಡ್ ಅಕ್ಷರ ಸೆಟಪ್ ಆಗಿಲ್ಲ ಅಂತ ಸಾಲು ಸಾಲು ಎರರ್. ಫೈಲಿನ ತಲೆಯಲ್ಲಿ ಝೀಲೇಟೆಕ್ (ಯೂನಿಕೋಡ್ ಓದುವ ಇನ್ನೊಂದು ಎಂಜಿನ್) ಬಳಸು ಅಂತ ಮ್ಯಾಜಿಕ್ ಕಮೆಂಟ್ (ಎಡಿಟರಿಗೆ ಸೂಚನೆ ಕೊಡುವ ಸಾಲು) ಹಾಕ್ಬೇಕು ಅಂತ ಎಲ್ಲಿಯೋ ಓದಿ ಅದನ್ನೂ ಹಾಕಿದೆ, ಎಕ್ಸ್‌ಟೆನ್ಶನ್ ಕ್ಯಾರೇ ಅನ್ನುದಿಲ್ಲ. ಟರ್ಮಿನಲ್ಲಲ್ಲೇ ಝೀಲೇಟೆಕ್ ಕೊಟ್ರೆ ಪಿಡಿಎಫ್ ಬರ್ತದೆ, ಆದ್ರೆ "ತ್ರಿಜ್ಯ" ಇರ್ಬೇಕಾದಲ್ಲಿ "ತ್‌ರಿಜ್‌ಯ" ಅಂತ ಬಂದು ಕೂತಿದೆ. ಶಾಲೆ ಹೆಸರು ಮಲಯಾಳದಲ್ಲೂ ಮೇಲೆ ಬರ್ಬೇಕು, ಅದು ಬರೀ ಡಬ್ಬಿ ಡಬ್ಬಿ. ಕೆಲವು ಸಲ ಎಂತ ಬದಲಾಯಿಸಿದ್ರೂ ಪಿಡಿಎಫ್ ಹಳೇದೇ ಕಾಣ್ತದೆ. ವರ್ಡಿಗೇ ಹಿಂದೆ ಹೋಗುದಾ ಅಂತ ಆಗಿದೆ. ಗೊತ್ತಿದ್ದವರು ಹೇಳಿ ಪ್ಲೀಸ್.

ಕುಂಬ್ಳೆ_ಕೋಡ್:

ಟೀಚರೇ, ವರ್ಡಿಗೆ ಹೋಗ್ಬೇಡಿ, ನಿಮ್ಮದು ಇನ್ನು ಸ್ವಲ್ಪವೇ ಉಳಿದಿರುದು. ಫೋನಲ್ಲಿ ಟೈಪ್ ಮಾಡ್ತಾ ಇದ್ದೇನೆ, ಕೀಬೋರ್ಡ್ ಬದಲಾಯಿಸ್ಲಿಕ್ಕೆ ಉದಾಸೀನ, ಹಾಗಾಗಿ ಕಮಾಂಡ್ ಹೆಸರೆಲ್ಲ ಕನ್ನಡದಲ್ಲೇ ಬರೀತೇನೆ.

ಈ ಎಕ್ಸ್‌ಟೆನ್ಶನ್ ಸ್ವತಃ ಎಂತದೂ ಟೈಪ್‌ಸೆಟ್ ಮಾಡುದಿಲ್ಲ. ನೀವು ಬಿಲ್ಡ್ ಒತ್ತಿದಾಗ ಅದು ಲೇಟೆಕ್‌ಎಂಕೆಯನ್ನು (ಬೇಕಾದಷ್ಟು ಸಲ ಲೇಟೆಕ್ ಓಡಿಸುವ ಸಹಾಯಕ ಪ್ರೋಗ್ರಾಂ) ಕರೀತದೆ, ಲೇಟೆಕ್‌ಎಂಕೆ ಪಿಡಿಎಫ್‌ಲೇಟೆಕ್ಕನ್ನೋ ಝೀಲೇಟೆಕ್ಕನ್ನೋ ಕರೀತದೆ, ಅದು ಫಾಂಟನ್ನು ಹುಡುಕ್ತದೆ. ಎಲ್ಲಿ ತಪ್ಪಿದ್ರೂ ಎರರ್ ಕಾಣುದು ವಿಎಸ್ ಕೋಡಿನ ಮೂಲೆಯಲ್ಲೇ, ಜನ ಬಯ್ಯುದು ಎಕ್ಸ್‌ಟೆನ್ಶನ್ನಿಗೆ. ತೆಗ್ದು ಪುನಃ ಹಾಕಿದ್ರೆ ಸರಿಯಾಗದ್ದು ಅದಕ್ಕೇ.

ಮೊದಲ್ನೇದು ಪರ್ಲ್. ಲೇಟೆಕ್‌ಎಂಕೆ ಒಂದು ಪರ್ಲ್ ಸ್ಕ್ರಿಪ್ಟ್. ಮಿಕ್‌ಟೆಕ್ ಬದಲು ಟೆಕ್ ಲೈವ್ ಹಾಕಿದ್ರೆ ವಿಂಡೋಸಲ್ಲಿ ಪರ್ಲ್ ಅದರ ಒಟ್ಟಿಗೇ ಬರ್ತದೆ, ಮಿಕ್‌ಟೆಕ್ಕಲ್ಲಿ ಬರುದಿಲ್ಲ. ಸ್ಟ್ರಾಬೆರಿ ಪರ್ಲ್ ಅಂತ ಫ್ರೀ ಉಂಟು, ಹಾಕಿ. ಹಾಕಿದ ಮೇಲೆ ವಿಎಸ್ ಕೋಡನ್ನು ಪೂರ್ತಿ ಮುಚ್ಚಿ ತೆರೀಬೇಕು, ಒಂದು ವಿಂಡೋ ಮಾತ್ರ ಮುಚ್ಚಿದ್ರೆ ಸಾಲುದಿಲ್ಲ, ಯಾಕಂದ್ರೆ ಪಾತ್ (ಪ್ರೋಗ್ರಾಂ ಹುಡುಕುವ ಫೋಲ್ಡರುಗಳ ಪಟ್ಟಿ) ಅದು ಶುರು ಆಗುವಾಗ ಓದಿದ್ದನ್ನೇ ಇಟ್ಕೊಂಡಿರ್ತದೆ.

ಮ್ಯಾಜಿಕ್ ಕಮೆಂಟ್ ವಿಷಯ: ಹಳೇ ಬ್ಲಾಗುಗಳಲ್ಲೆಲ್ಲ ಅದನ್ನೇ ಹೇಳುದು, ಆದ್ರೆ ಈಗಿನ ವರ್ಷನ್‌ಗಳಲ್ಲಿ ಅದು ಡೀಫಾಲ್ಟಾಗಿ ಆಫ್. ಸೆಟ್ಟಿಂಗ್ಸಲ್ಲಿ "ಎನೇಬಲ್ ಮ್ಯಾಜಿಕ್ ಕಮೆಂಟ್ಸ್" ಅಂತ ಹುಡುಕಿ ಟಿಕ್ ಹಾಕ್ಬಹುದು. ನಾನಾದ್ರೆ ಅದರ ಗೋಜಿಗೆ ಹೋಗುದಿಲ್ಲ. ಎಡಗಡೆ ಟೆಕ್ ಐಕಾನ್ ಒತ್ತಿದ್ರೆ ರೆಸಿಪಿಗಳ (ಯಾವ ಪ್ರೋಗ್ರಾಂ ಯಾವ ಕ್ರಮದಲ್ಲಿ ಓಡ್ಬೇಕು ಅಂತ ಹೇಳುವ) ಪಟ್ಟಿ ಬರ್ತದೆ, ಮೊದಲ್ನೇ ರೆಸಿಪಿ ಪಿಡಿಎಫ್‌ಲೇಟೆಕ್ಕಿಂದು, ಅದಕ್ಕೇ ಸುಮ್ನೆ ಬಿಲ್ಡ್ ಕೊಟ್ರೆ ಕನ್ನಡ ಆಗದ್ದು. ಅಲ್ಲೇ ಕೆಳಗೆ ಲೇಟೆಕ್‌ಎಂಕೆ ಝೀಲೇಟೆಕ್ ಅಂತ ಇನ್ನೊಂದು ರೆಡಿ ಉಂಟು. ಅದನ್ನು ಒಮ್ಮೆ ಒತ್ತಿ, ಡೀಫಾಲ್ಟ್ ರೆಸಿಪಿ ಸೆಟ್ಟಿಂಗನ್ನು "ಲಾಸ್ಟ್ ಯೂಸ್ಡ್" ಮಾಡಿ. ಎಂಜಿನ್ ಬದಲಾಯಿಸಿದಾಗ ಹಳೇ ಆಕ್ಸ್ ಫೈಲ್ (ಬಿಲ್ಡ್ ಮಾಡುವಾಗ ಆಗುವ ಸಹಾಯಕ ಫೈಲ್) ಉಳಿದು ವಿಚಿತ್ರ ಎರರ್ ಬರುದುಂಟು, ಕಂಟ್ರೋಲ್ ಆಲ್ಟ್ ಸಿ ಒತ್ತಿ ಗುಡಿಸಿ ಹಾಕಿ.

ಒತ್ತಕ್ಷರ: ಫಾಂಟ್ ಆರಿಸುವ ಫಾಂಟ್‌ಸ್ಪೆಕ್ ಪ್ಯಾಕೇಜಲ್ಲಿ ಸೆಟ್‌ಮೇನ್‌ಫಾಂಟ್ ಕೊಡುವಾಗ ಚೌಕ ಬ್ರಾಕೆಟ್ ಒಳಗೆ "ಸ್ಕ್ರಿಪ್ಟ್ ಈಕ್ವಲ್ ಟು ಕನ್ನಡ" ಅಂತ ಕೊಡ್ಲಿಲ್ಲ ನೀವು, ನೋಡದೇ ಹೇಳ್ತೇನೆ. ಅದು ಇಲ್ಲದಿದ್ರೆ ಅಕ್ಷರ ಒಂದೊಂದೇ ಎತ್ತಿಡ್ತದೆ, ಒತ್ತು ಕಟ್ಟುವ ನಿಯಮ ಹಾಕುದೇ ಇಲ್ಲ. ಫಾಂಟ್ ನೋಟೋ ಸೆರಿಫ್ ಕನ್ನಡ ಸಾಕು. ಮಲಯಾಳಕ್ಕೆ ಆ ಫಾಂಟಲ್ಲಿ ಅಕ್ಷರವೇ ಇಲ್ಲ, ಹಾಗಾಗಿ ಡಬ್ಬಿ. ನ್ಯೂಫಾಂಟ್‌ಫ್ಯಾಮಿಲಿ ಅಂತ ಇನ್ನೊಂದು ಮಾಡಿ, ರಚನ ಅಥವಾ ಮಂಜರಿ ಫಾಂಟ್ ಕೊಟ್ಟು, ಅಲ್ಲಿ ಸ್ಕ್ರಿಪ್ಟ್ ಮಲಯಾಳಂ ಅಂತ ಹಾಕಿ. ಎರಡೂ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗಿನವರ ಸೈಟಲ್ಲಿ ಫ್ರೀ ಸಿಗ್ತದೆ.

ಹೊಸೂರು_ಹುಡುಗ:

ಕುಂಬ್ಳೆಯವ್ರು ಹೇಳಿದ್ದೆಲ್ಲ ಸರಿ, ಒಂದು ವಿಷ್ಯ ಬಿಟ್ಟು. ನಾಲ್ಕು ಪುಟದ ಕ್ವೆಶ್ಚನ್ ಪೇಪರಿಗೆ ಪರ್ಲ್ ಯಾಕ್ರೀ? ಸೆಟ್ಟಿಂಗ್ಸ್ ಜೇಸನ್ ಫೈಲಲ್ಲಿ ಸ್ವಂತ ರೆಸಿಪಿ ಬರ್ಕೊಳಿ, ಝೀಲೇಟೆಕ್ ಎರಡು ಸಲ ಓಡ್ಸೋದು ಅಷ್ಟೇ, ಪುಟ ಸಂಖ್ಯೆ ರೆಫರೆನ್ಸ್ ಎಲ್ಲ ಎರಡನೇ ಸಲಕ್ಕೆ ಸರಿಯಾಗತ್ತೆ. ಆದ್ರೆ ಆರ್ಗ್ಯುಮೆಂಟಲ್ಲಿ ಸಿಂಕ್‌ಟೆಕ್ ಈಕ್ವಲ್ ಟು 1 ಹಾಕೋದು ಮರೀಬೇಡಿ, ಮರೆತ್ರೆ ಪಿಡಿಎಫ್ ಮೇಲೆ ಕಂಟ್ರೋಲ್ ಕ್ಲಿಕ್ ಮಾಡಿದ್ರೆ ಸೋರ್ಸಿಗೆ ಹೋಗಲ್ಲ, ಆಮೇಲೆ ಅದಕ್ಕೊಂದು ಹೊಸ ಥ್ರೆಡ್ ಹಾಕ್ತೀರ 😄

ಪಿಡಿಎಫ್ ಹಳೇದೇ ಕಾಣ್ಸೋದಕ್ಕೆ ನಾನು ನೋಡಿರೋ ಹಾಗೆ ಎರಡು ಕಾರಣ. ಒಂದು, ಬಿಲ್ಡ್ ಫೇಲ್ ಆಗಿರತ್ತೆ, ಕೆಳಗಿನ ಪಟ್ಟಿಲಿ ಕೆಂಪು ಗುರುತು ಬಂದಿರತ್ತೆ, ನಾವು ನೋಡಿರಲ್ಲ, ಹಿಂದಿನ ಪಿಡಿಎಫ್ ಹಾಗೇ ಕೂತಿರತ್ತೆ. ಇನ್ನೊಂದು ಅಕ್ರೋಬ್ಯಾಟ್ ರೀಡರ್: ವಿಂಡೋಸಲ್ಲಿ ಅದ್ರಲ್ಲಿ ಫೈಲ್ ತೆರೆದಿಟ್ಟಿದ್ರೆ ಫೈಲ್ ಲಾಕ್, ಲೇಟೆಕ್ಕಿಗೆ ಬರೆಯಕ್ಕೇ ಆಗಲ್ಲ. ವಿಎಸ್ ಕೋಡ್ ಒಳಗಿನ ವ್ಯೂವರಲ್ಲೇ ನೋಡಿ, ಇಲ್ಲಾಂದ್ರೆ ಸುಮಾತ್ರ ಪಿಡಿಎಫ್ ಹಾಕ್ಕೊಳಿ, ಅದು ಲಾಕ್ ಮಾಡಲ್ಲ.

ಬಿಲ್ಡ್ ಚಕ್ರ ಸುಮ್ನೆ ತಿರುಗ್ತಾನೇ ಇದ್ರೆ ಮಿಕ್‌ಟೆಕ್ ಯಾವ್ದೋ ಪ್ಯಾಕೇಜ್ ಹಾಕ್ಲಾ ಅಂತ ಕೇಳ್ಕೊಂಡು ಬೇರೆ ವಿಂಡೋ ಹಿಂದೆ ನಿಂತಿರತ್ತೆ. ಮಿಕ್‌ಟೆಕ್ ಕನ್ಸೋಲಲ್ಲಿ ಕೇಳದೇ ಹಾಕು ಅಂತ ಕೊಟ್ಬಿಡಿ. ಫಾಂಟನ್ನ ರೈಟ್ ಕ್ಲಿಕ್ ಮಾಡಿ ಎಲ್ಲ ಯೂಸರ್‌ಗಳಿಗೂ ಇನ್‌ಸ್ಟಾಲ್ ಅಂತಲೇ ಕೊಡಿ, ಬರೀ ನಿಮ್ಮ ಯೂಸರಿಗೆ ಹಾಕಿದ್ರೆ ಕೆಲವು ಸಲ ಝೀಲೇಟೆಕ್ಕಿಗೆ ಸಿಗಲ್ಲ.

ಯಾರಾದ್ರೂ ಲುವಾಲೇಟೆಕ್ ಅನ್ನೋ ಇನ್ನೊಂದು ಎಂಜಿನ್ ಬಳ್ಸಿ ಅಂದ್ರೆ ಬಳ್ಸಿ, ತೊಂದ್ರೆ ಇಲ್ಲ, ಆದ್ರೆ ಅಲ್ಲಿ ಸ್ಕ್ರಿಪ್ಟ್ ಜೊತೆಗೆ ರೆಂಡರರ್ ಹಾರ್ಫ್‌ಬಜ್ (ಒತ್ತಕ್ಷರ ಜೋಡಿಸೋ ಲೈಬ್ರರಿ) ಅಂತಾನೂ ಕೊಡ್ಬೇಕು, ಟೆಕ್ ಲೈವ್ 2020ರಿಂದ ಅದು ಒಳಗೇ ಇದೆ. ಮೊದಲ ಸಲ ಫಾಂಟ್ ಪಟ್ಟಿ ಮಾಡ್ಕೊಳಕ್ಕೆ ತುಂಬಾ ಹೊತ್ತು ತಗೊಳತ್ತೆ, ಹ್ಯಾಂಗ್ ಆಯ್ತು ಅಂತ ಕೊಲ್ಲಬೇಡಿ.

ಬದಿಯಡ್ಕ_ಗಣಿತ:

ಇಬ್ಬರಿಗೂ ತುಂಬಾ ಉಪಕಾರ ಆಯ್ತು. ಪರ್ಲ್ ಹಾಕಿ ಝೀಲೇಟೆಕ್ ರೆಸಿಪಿ ಕೊಟ್ಟೆ, "ತ್ರಿಜ್ಯ" ಈಗ ಚಂದ ತ್ರಿಜ್ಯವೇ, ಮಲಯಾಳ ಸಹ ಬಂತು. ಕುಂಬ್ಳೆಯವರೇ, ನೋಡದೇ ಹೇಳಿದ್ದು ಸರಿ ಇತ್ತು.

ಈಗ ಬೇರೆ ತಲೆಬಿಸಿ. "ವಿಸ್ತೀರ್ಣ = ಪೈ × ತ್ರಿಜ್ಯದ ವರ್ಗ" ಅಂತ ಸೂತ್ರದ ಒಳಗೆ ಬರೆದ್ರೆ ಪಿಡಿಎಫಲ್ಲಿ ಕನ್ನಡ ಪದ ಎರಡೂ ಮಾಯ, ಪೈ ಮತ್ತೆ ಮೇಲಿನ 2 ಮಾತ್ರ ಉಂಟು. ಎರರ್ ಸಹ ಇಲ್ಲ! ಮತ್ತೆ ಎಡಿಟರಲ್ಲಿ "ಸಾಫ್ಟ್‌ವೇರ್" ಅಂತ ಬರೆದ್ರೆ ಮಧ್ಯ ಒಂದು ಹಳದಿ ಡಬ್ಬಿ ಕಾಣ್ತದೆ. ನಮ್ಮಲ್ಲಿ ಹಳೇ ಪ್ರಶ್ನೆಪತ್ರಿಕೆ ಎಲ್ಲ ನುಡಿ ತಂತ್ರಾಂಶದಲ್ಲಿ ಮಾಡಿದ್ದು, ಅದನ್ನು ಕಾಪಿ ಮಾಡಿದ್ರೆ ಇಂಗ್ಲಿಷ್ ಅಕ್ಷರಗಳ ಕಿಚಡಿ ಬರ್ತದೆ, ಅದಕ್ಕೂ ಎಂತಾದ್ರೂ ದಾರಿ ಉಂಟಾ?

ಮಂಜೇಶ್ವರ_ಲಿನಕ್ಸ್:

ಟೀಚರೇ, ಸೂತ್ರದ ಒಳಗೆ ಬೇರೆಯೇ ಫಾಂಟ್ ಓಡುದು, ಗಣಿತದ ಫಾಂಟ್, ಅದರಲ್ಲಿ ಕನ್ನಡ ಇಲ್ಲ. ಎಎಂಎಸ್‌ಮ್ಯಾತ್ ಪ್ಯಾಕೇಜ್ ಹಾಕಿ, ಕನ್ನಡ ಪದವನ್ನು ಟೆಕ್ಸ್ಟ್ ಕಮಾಂಡಿನ ಹೂಬ್ರಾಕೆಟ್ ಒಳಗೆ ಇಡಿ, ಆಗ ಹೊರಗಿನ ಫಾಂಟೇ ಬರ್ತದೆ. ಎರರ್ ಬಾರದ್ದು ದೊಡ್ಡ ಕಿರಿಕಿರಿ ಹೌದು, ಅಕ್ಷರ ಸಿಗ್ಲಿಲ್ಲ ಅಂತ ಲಾಗ್ ಫೈಲಲ್ಲಿ "ಮಿಸ್ಸಿಂಗ್ ಕ್ಯಾರೆಕ್ಟರ್" ಅಂತ ಬರೆದು ಸುಮ್ನಾಗ್ತದೆ, ಮಕ್ಕಳ ಕೈಗೆ ಪೇಪರ್ ಹೋದ ಮೇಲೆಯೇ ಗೊತ್ತಾಗುದು. ಟ್ರೇಸಿಂಗ್‌ಲಾಸ್ಟ್‌ಚಾರ್ಸ್ ಅಂತ ಒಂದು ಕಮಾಂಡ್ ಉಂಟು, ಡಾಕ್ಯುಮೆಂಟಿನ ಮೇಲ್ಗಡೆ ಅದಕ್ಕೆ 3 ಕೊಟ್ಟುಬಿಡಿ, ಟೆಕ್ ಲೈವ್ 2021ರಿಂದ ಈಚೆಗೆ ಹಾಗೆ ಕೊಟ್ರೆ ಅಕ್ಷರ ಕಳೆದುಹೋದಲ್ಲೇ ಎರರ್ ಆಗಿ ನಿಲ್ತದೆ. ಪ್ರಶ್ನೆಪತ್ರಿಕೆ ಮಾಡುವವರೆಲ್ಲ ಇದನ್ನು ಹಾಕಿಯೇ ಇಡ್ಬೇಕು ಅಂತ ನನ್ನ ಅಭಿಪ್ರಾಯ. ಫಾಂಟಲ್ಲಿ ಇಂಗ್ಲಿಷ್ ಅಕ್ಷರ ಇಲ್ಲದಿದ್ರೆ ತ್ರಿಕೋನದ ಎ ಬಿ ಸಿ ಹಾರಿ ಹೋಗುದೂ ಇದರಲ್ಲೇ ಸಿಕ್ಕಿ ಬೀಳ್ತದೆ.

ಹಳದಿ ಡಬ್ಬಿ ತಪ್ಪಲ್ಲ. ಟ ಮತ್ತು ವ ಒಂದಕ್ಕೊಂದು ಒತ್ತಾಗದ ಹಾಗೆ ಮಧ್ಯ ಕಾಣದ ಅಕ್ಷರ (ಝಡ್‌ಡಬ್ಲ್ಯುಎನ್‌ಜೆ) ಇರ್ತದಲ್ಲ, ವಿಎಸ್ ಕೋಡ್ 2021ರ ಕೊನೆಯಿಂದ ಅಂಥದ್ದನ್ನೆಲ್ಲ ಅನುಮಾನದಿಂದ ನೋಡ್ತದೆ, ಯಾಕಂದ್ರೆ ಕಾಣದ ಅಕ್ಷರ ತುರುಕಿ ಕೋಡಲ್ಲಿ ಮೋಸ ಮಾಡ್ಬಹುದು ಅಂತ ಆಗ ಸುದ್ದಿ ಆಗಿತ್ತು. ಡಬ್ಬಿ ಮೇಲೆ ಮೌಸ್ ಇಟ್ಟು ಸೆಟ್ಟಿಂಗ್ ಬದಲಾಯಿಸಿ, ಆ ಅಕ್ಷರಕ್ಕೆ ವಿನಾಯ್ತಿ ಕೊಡಿ. ಅದನ್ನು ಅಳಿಸ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ, ಅಳಿಸಿದ್ರೆ ಸಾಫ್ಟ್ವೇರ್ ಅಂತ ಬರ್ತದೆ.

ಶಾಲೆಯ ಲ್ಯಾಪ್‌ಟಾಪ್ ಕೈಟಿನವರು (ಕೇರಳದ ಶಾಲೆಗಳ ಐಟಿ ನೋಡಿಕೊಳ್ಳುವ ಸರಕಾರಿ ಸಂಸ್ಥೆ) ಕೊಟ್ಟದ್ದಾದ್ರೆ ಅದರಲ್ಲಿ ಉಬುಂಟು ಇರ್ತದೆ, ಅಲ್ಲಿ ಈ ಪರ್ಲ್ ತಲೆಬಿಸಿಯೇ ಇಲ್ಲ. ಟೆಕ್ಸ್‌ಲೈವ್ ಝೀಟೆಕ್ ಪ್ಯಾಕೇಜ್ ಹಾಕುದು, ಲೇಟೆಕ್‌ಎಂಕೆ ಬೇರೆ ಪ್ಯಾಕೇಜು, ಅದನ್ನೂ ಕೇಳಿ ಹಾಕ್ಬೇಕು, ತುಂಬಾ ಜನ ಅಲ್ಲೇ ಸಿಕ್ಕಿ ಬೀಳುದು.

ನುಡಿಯ ಹಳೇ ಫೈಲು ಯೂನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡು ಚಿತ್ರ ಕೂರಿಸಿದ ಫಾಂಟ್. ಅದಕ್ಕೆ ಲೇಟೆಕ್ ಒಳಗೆ ಮದ್ದಿಲ್ಲ, ಮೊದಲೇ ಯೂನಿಕೋಡಿಗೆ ಕನ್ವರ್ಟ್ ಮಾಡ್ಬೇಕು, ನೆಟ್ಟಲ್ಲಿ ಆಸ್ಕಿಯಿಂದ (ಇಂಥ ಹಳೇ ಫಾಂಟಿನ ಪಠ್ಯವನ್ನು ಹಾಗೆ ಹೇಳುದು) ಯೂನಿಕೋಡಿಗೆ ಮಾಡುವ ಕನ್ವರ್ಟರ್ ಬೇಕಾದಷ್ಟು ಉಂಟು. ಸಂಖ್ಯೆ, ಚಿಹ್ನೆ ಮಾತ್ರ ಕನ್ವರ್ಟರನ್ನು ನಂಬ್ಬೇಡಿ, ಸೂತ್ರವನ್ನೆಲ್ಲ ಕೈಯಲ್ಲೇ ಹೊಸತಾಗಿ ಬರೀರಿ. ಮತ್ತೆ "ರ‍್ಯಾಂಕ್" ಥರದ ಪದ ಒಮ್ಮೆ ಹುಡುಕಿ ನೋಡಿ, ಕನ್ವರ್ಟ್ ಆಗುವಾಗ ಮಧ್ಯದ ಕಾಣದ ಅಕ್ಷರ ಹೋಗಿ "ರ್ಯಾಂಕ್" ಆಗಿರ್ತದೆ. ರ ಆದ ಕೂಡ್ಲೇ ಜೋಡಿಸುವ ಕಾಣದ ಅಕ್ಷರ (ಝಡ್‌ಡಬ್ಲ್ಯುಜೆ, ಸಾಫ್ಟ್‌ವೇರಿನದ್ದಲ್ಲ), ಆಮೇಲೆ ಹಲಂತ, ಆಮೇಲೆ ಯ, ಈ ಕ್ರಮದಲ್ಲಿ ಹಾಕಿದ್ರೆ ಸರಿ ಬರ್ತದೆ.