ಬೇಸ್‌ಬಾಲ್‌ನಲ್ಲಿ ಬುಲ್‌ಪೆನ್ ಗಟ್ಟಿ ಮಾಡೋದು ಹೇಗೆ? ಪಿಚಿಂಗ್ ವಿಶ್ಲೇಷಕರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಎಡಿಸನ್, ನ್ಯೂಜೆರ್ಸಿ): ನಮಸ್ಕಾರ ಸರ್. ನಾನು ನ್ಯೂಯಾರ್ಕ್‌ನ ಬೇಸ್‌ಬಾಲ್ ತಂಡ ಮೆಟ್ಸ್‌ನ ಅಭಿಮಾನಿ, ಹಣೆಬರಹ. 2025ರ ಜುಲೈ ಕೊನೆಯಲ್ಲಿ ನಮ್ಮವರು ಮೂವರು ರಿಲೀವರ್‌ಗಳನ್ನು, ಅಂದರೆ ಪಂದ್ಯದ ನಡುವೆ ಬಂದು ಚೆಂಡೆಸೆಯುವ ಪಿಚರ್‌ಗಳನ್ನು, ತಂದರು. ಬಾಲ್ಟಿಮೋರ್‌ನಿಂದ ಗ್ರೆಗೊರಿ ಸೋಟೊ, ಸ್ಯಾನ್ ಫ್ರಾನ್ಸಿಸ್ಕೊದಿಂದ ಟೈಲರ್ ರಾಜರ್ಸ್, ಸೇಂಟ್ ಲೂಯಿಸ್‌ನಿಂದ ರಯಾನ್ ಹೆಲ್ಸ್ಲಿ. ಕೊನೆಯ ಇನ್ನಿಂಗ್ಸ್ ಎಸೆಯುವ ಕ್ಲೋಸರ್ ಆಗಿ ಎಡ್ವಿನ್ ಡಿಯಾಜ್ ಮೊದಲೇ ಇದ್ದ. ಹೆಸರು ಕೇಳಿದರೆ ಎದುರಾಳಿ ನಡುಗಬೇಕು. ಆದರೆ ಕೊನೆಗೆ ಪ್ಲೇಆಫ್‌ಗೇ ಹೋಗಲಿಲ್ಲ. ಗೆಲ್ಲುವ ಆಸೆ ಇರುವ ತಂಡ ರಿಲೀಫ್ ಪಿಚಿಂಗ್ ಸರಿ ಮಾಡಿಕೊಳ್ಳೋಕೆ ಇನ್ನೇನು ಮಾಡಬೇಕು?

ಉತ್ತರ: ನಮಸ್ಕಾರ. ನಿಮ್ಮ ಮೆಟ್ಸ್ ಲೆಕ್ಕವನ್ನೇ ಮೊದಲು ನೋಡೋಣ. ಆ ವರ್ಷ ಜೂನ್ 12ಕ್ಕೆ 45 ಗೆಲುವು, 24 ಸೋಲು. ಆವತ್ತಿಗೆ ಇಡೀ ಮೇಜರ್ ಲೀಗ್‌ನಲ್ಲಿ ಅವರೇ ಮುಂದೆ. ಅಲ್ಲಿಂದ ಕೊನೆವರೆಗೆ 38 ಗೆಲುವು, 55 ಸೋಲು. ಅಂದರೆ ಹೊಸಬರು ಬರುವ ಹೊತ್ತಿಗೆ ತಂಡ ಆಗಲೇ ಜಾರುತ್ತಿತ್ತು. ಜೂನ್ 12ರಂದೇ, ಪಂದ್ಯ ಶುರು ಮಾಡುವ ಪಿಚರ್ (ಸ್ಟಾರ್ಟರ್) ಕೊಡೈ ಸೆಂಗಾ ಮೊದಲ ಬೇಸ್ ಕಡೆ ಓಡುವಾಗ ತೊಡೆಯ ಹಿಂದಿನ ಸ್ನಾಯುವಿಗೆ ಪೆಟ್ಟು ಮಾಡಿಕೊಂಡ. ಆಮೇಲೆ ಬಹಳ ದಿನ ಡೇವಿಡ್ ಪೀಟರ್ಸನ್ ಒಬ್ಬನನ್ನು ಬಿಟ್ಟರೆ ಮೆಟ್ಸ್ ಸ್ಟಾರ್ಟರ್‌ಗಳು ಆರು ಇನ್ನಿಂಗ್ಸ್ ಮುಗಿಸುವುದೇ ಅಪರೂಪವಾಯಿತು.

ಇದರ ಪರಿಣಾಮ ಬುಲ್‌ಪೆನ್ (ರಿಲೀವರ್‌ಗಳ ಬಳಗ) ಮೇಲೆ ಹೇಗೆ ಬೀಳುತ್ತದೆ ನೋಡಿ. ಒಂದು ಇನ್ನಿಂಗ್ಸ್‌ಗೆ ಮೂರು ಔಟ್, ಒಂಬತ್ತು ಇನ್ನಿಂಗ್ಸ್‌ನ ಒಂದು ಪಂದ್ಯಕ್ಕೆ 27 ಔಟ್ ಬೇಕು. ಸ್ಟಾರ್ಟರ್ ಆರು ಇನ್ನಿಂಗ್ಸ್ ಎಸೆದರೆ ಉಳಿಯುವುದು 9. ಐದಕ್ಕೇ ಸುಸ್ತಾದರೆ 12. ಹೀಗೆ ಹತ್ತು ಪಂದ್ಯ ನಡೆದರೆ ಬುಲ್‌ಪೆನ್‌ಗೆ ಹತ್ತು ಇನ್ನಿಂಗ್ಸ್ ಜಾಸ್ತಿ ಬಿತ್ತು. ಒಬ್ಬ ಒಳ್ಳೆ ರಿಲೀವರ್ ಆರು ತಿಂಗಳ ಸೀಸನ್‌ನಲ್ಲಿ ಎಸೆಯೋದು ಸುಮಾರು 60ರಿಂದ 65 ಇನ್ನಿಂಗ್ಸ್. ಅಂದರೆ ಒಬ್ಬ ಮನುಷ್ಯನ ಒಂದು ತಿಂಗಳ ಕೆಲಸ ಹತ್ತೇ ಪಂದ್ಯದಲ್ಲಿ ಹೆಚ್ಚುವರಿಯಾಗಿ ಬಂದು ಕೂರುತ್ತದೆ. ಅದನ್ನು ಮಾಡುವವರು ಡಿಯಾಜ್, ಹೆಲ್ಸ್ಲಿ ಅಲ್ಲ. ಬುಲ್‌ಪೆನ್‌ನ ಆರನೆಯವನು, ಏಳನೆಯವನು. ಪಂದ್ಯ ಕೈಬಿಡುವುದು ಅಲ್ಲಿಯೇ.

ಅದಕ್ಕೆ ನನ್ನನ್ನು ಕೇಳಿದರೆ, ಬುಲ್‌ಪೆನ್ ರಿಪೇರಿ ಶುರುವಾಗಬೇಕಾದ್ದು ಬುಲ್‌ಪೆನ್‌ನಲ್ಲಿ ಅಲ್ಲ. ಆರು ಇನ್ನಿಂಗ್ಸ್ ನಂಬಿಕೆಯಿಂದ ಎಸೆಯುವ ಒಬ್ಬ ಸಾಧಾರಣ ನಾಲ್ಕನೇ ಸ್ಟಾರ್ಟರ್ ಸಿಕ್ಕರೆ ಎಂಟು ಜನ ರಿಲೀವರ್‌ಗಳೂ ತಾವಾಗಿಯೇ ಸ್ವಲ್ಪ ಚೆನ್ನಾಗಿ ಕಾಣುತ್ತಾರೆ. ಅಂಥವನ ಫೋಟೊ ಹಾಕಿ ಟಿಕೆಟ್ ಮಾರೋಕೆ ಆಗಲ್ಲ, ಅದೊಂದೇ ಕಷ್ಟ.

ಮರುಪ್ರಶ್ನೆ (ಅದೇ ಎಡಿಸನ್): ಒಪ್ಪಿದೆ ಸರ್. ಆದರೆ ಹೆಲ್ಸ್ಲಿ? 2024ರಲ್ಲಿ 49 ಸೇವ್ ಮಾಡಿದವನು, ಅಂದರೆ ಅಷ್ಟು ಸಲ ಸಣ್ಣ ಮುನ್ನಡೆ ಕಾಪಾಡಿ ಪಂದ್ಯ ಮುಗಿಸಿದವನು. ನಮ್ಮಲ್ಲಿಗೆ ಬಂದ ಮೇಲೆ ಇಆರ್‌ಎ 7 ದಾಟಿತು! ಅದಕ್ಕೂ ಸ್ಟಾರ್ಟರ್‌ಗಳೇ ಕಾರಣಾನಾ?

ಉತ್ತರ: ಇಲ್ಲ, ಅದು ಬೇರೆ ವಿಷಯ. ಇಆರ್‌ಎ ಅಂದರೆ ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಎಷ್ಟು ರನ್ ಕೊಟ್ಟ ಅಂತ, ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್ ಬಿಟ್ಟು. 180 ಇನ್ನಿಂಗ್ಸ್ ಎಸೆಯುವ ಸ್ಟಾರ್ಟರ್‌ಗೆ ಆ ಅಂಕಿ ಏನೋ ಹೇಳುತ್ತದೆ. ಇಪ್ಪತ್ತು ಇನ್ನಿಂಗ್ಸ್ ಎಸೆದ ರಿಲೀವರ್‌ಗೆ ಮೂರು ಕೆಟ್ಟ ರಾತ್ರಿ ಸಾಕು, ಅಂಕಿ ಆಕಾಶಕ್ಕೆ ಹೋಗುತ್ತದೆ. ಹೆಲ್ಸ್ಲಿ ಎಸೆತದ ವೇಗವೇನೂ ಬಿದ್ದಿರಲಿಲ್ಲ. ಯಾವ ಎಸೆತ ಬರುತ್ತದೆ ಅನ್ನುವ ಸುಳಿವು ಬ್ಯಾಟರ್‌ಗಳಿಗೆ ಮೊದಲೇ ಸಿಗುತ್ತಿದೆಯೇನೋ ಅನ್ನುವ ಅನುಮಾನವೂ ಆಗ ಬಂದಿತ್ತು.

ಸೇವ್ ಲೆಕ್ಕವನ್ನಂತೂ ನಾನು ರಿಲೀವರ್ ಆರಿಸುವಾಗ ನೋಡುವುದೇ ಇಲ್ಲ. ಮೂರು ರನ್ ಮುಂದಿದ್ದಾಗ 9ನೇ ಇನ್ನಿಂಗ್ಸ್ ಎಸೆದು ಎರಡು ರನ್ ಕೊಟ್ಟರೂ ಸೇವ್ ಸಿಗುತ್ತದೆ. 7ನೇ ಇನ್ನಿಂಗ್ಸ್‌ನಲ್ಲಿ ಬೇಸ್ ತುಂಬಿದ್ದಾಗ ಬಂದು ಇಬ್ಬರನ್ನು ಸ್ಟ್ರೈಕ್‌ಔಟ್ ಮಾಡಿ ಹೋದವನಿಗೆ ಅದು ಸಿಗಲ್ಲ. ನಾನು ನೋಡೋದು ಸ್ಟ್ರೈಕ್‌ಔಟ್ ಎಷ್ಟು, ವಾಕ್ (ಗುರಿ ತಪ್ಪಿದ ನಾಲ್ಕು ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಬೇಸ್) ಎಷ್ಟು, ವೇಗ ಹೋದ ವರ್ಷಕ್ಕಿಂತ ಇಳಿದಿದೆಯಾ, ಸತತ ಎರಡನೇ ದಿನ ಬಂದಾಗ ಎಸೆತ ಹೇಗಿರುತ್ತದೆ. ವಾಕ್ ಜಾಸ್ತಿ ಕೊಡುವವನನ್ನು ಜುಲೈನಲ್ಲಿ ತರೋಕೆ ನನಗೆ ಭಯ. ಎರಡು ತಿಂಗಳಲ್ಲಿ ಅದು ಸರಿ ಹೋಗೋದು ಅಪರೂಪ.

ಇನ್ನೊಂದು ಮಾತು. ಮೂವರಲ್ಲಿ ನನಗೆ ಇಷ್ಟವಾದ ಆಯ್ಕೆ ರಾಜರ್ಸ್. ಅವನ ಫಾಸ್ಟ್‌ಬಾಲ್ ಗಂಟೆಗೆ 83 ಮೈಲಿ ಆಸುಪಾಸು, ಕೈ ನೆಲಕ್ಕೆ ತಾಗುವ ಹಾಗೆ ಕೆಳಗಿಂದ ಎಸೆಯುತ್ತಾನೆ. ಅವನಾದ ಮೇಲೆ ಗಂಟೆಗೆ 99 ಮೈಲಿ ಎಸೆಯುವವನು ಬಂದರೆ ಬ್ಯಾಟರ್ ಕಣ್ಣು ಹೊಂದಿಕೊಳ್ಳೋದರೊಳಗೆ ಔಟ್. ಎಂಟೂ ಜನ ಒಂದೇ ಥರ ಎಸೆಯುವ ಬುಲ್‌ಪೆನ್ ಸರಣಿಯ ಎರಡನೇ ಪಂದ್ಯಕ್ಕೇ ಹಳತಾಗುತ್ತದೆ.

ಪ್ರಶ್ನೆ (ಮೈಸೂರು): ನಾನು ಕ್ರಿಕೆಟ್ ಮನುಷ್ಯ. ಮಗ ಅಮೆರಿಕದಲ್ಲಿದ್ದಾನೆ ಅಂತ ಈ ಆಟ ನೋಡ್ತೀನಿ. ಕ್ಲೋಸರ್ ಅಂದ್ರೆ ನಮ್ಮ ಡೆತ್ ಓವರ್ ಬೌಲರ್ ಥರಾನಾ?

ಉತ್ತರ: ಅರ್ಧ ಹೌದು. ಆದರೆ ಟಿ20ಯಲ್ಲಿ ನಾಯಕ ತನ್ನ ಒಳ್ಳೆ ಬೌಲರ್‌ಗೆ ಪವರ್‌ಪ್ಲೇಯಲ್ಲಿ ಎರಡು ಓವರ್ ಕೊಟ್ಟು, ಕೊನೆಗೆ ಎರಡು ಉಳಿಸಿಕೊಳ್ಳಬಹುದು. ಇಲ್ಲಿ ಪಂದ್ಯದಿಂದ ಹೊರಗೆ ಹೋದವನು ಮತ್ತೆ ಬರುವಂತಿಲ್ಲ. ಒಂದೇ ಸಲ ಬಳಸಬಹುದು, ಯಾವಾಗ ಅನ್ನೋದೇ ಮ್ಯಾನೇಜರ್ ತಲೆನೋವು. 2020ರಿಂದ ಇನ್ನೊಂದು ನಿಯಮವೂ ಬಂದಿದೆ ಅಂಕಲ್. ಬಂದವನು ಕನಿಷ್ಠ ಮೂವರು ಬ್ಯಾಟರ್‌ಗಳಿಗೆ ಎಸೆಯಬೇಕು, ಇಲ್ಲವೇ ಆ ಇನ್ನಿಂಗ್ಸ್ ಮುಗಿಸಬೇಕು. ಒಬ್ಬ ಎಡಗೈ ಬ್ಯಾಟರ್‌ಗೋಸ್ಕರವೇ ಒಬ್ಬ ಎಡಗೈ ಪಿಚರ್ ಇಟ್ಟುಕೊಳ್ಳುವ ಕಾಲ ಹೋಯಿತು. ತಂಡದ 26 ಜನರಲ್ಲಿ ಪಿಚರ್‌ಗಳು 13ಕ್ಕಿಂತ ಹೆಚ್ಚು ಇರುವಂತಿಲ್ಲ. ಐವರು ಸ್ಟಾರ್ಟರ್ ಆದರೆ ಉಳಿದವರು ಎಂಟು.

ಪ್ರಶ್ನೆ (ಡಲ್ಲಾಸ್): ಸರ್, ದೊಡ್ಡ ಕ್ಲೋಸರ್‌ಗೆ ದೊಡ್ಡ ಬೆಲೆ ಕೊಡೋದು ಸರಿನಾ? 2023ರಲ್ಲಿ ನಮ್ಮ ರೇಂಜರ್ಸ್ ರಿಲೀವರ್ ಚಾಪ್ಮನ್‌ಗೋಸ್ಕರ ಪಿಚರ್ ಕೋಲ್ ರೇಗನ್ಸ್‌ನನ್ನು ಕೊಟ್ಟುಬಿಟ್ಟರು. ಕನ್ಸಾಸ್ ಸಿಟಿಯಲ್ಲಿ ಅವನನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತೆ.

ಉತ್ತರ: ಆ ವರ್ಷ ಲೀಗ್‌ನ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿರಿ, ಆದರೂ ಹೊಟ್ಟೆ ಉರೀನಾ? ಇರಲಿ, ಪ್ರಶ್ನೆ ನ್ಯಾಯವಾದದ್ದೇ.

ಇದಕ್ಕೆ ಎರಡು ಹಳೆ ಕಥೆ ನೆನಪಿಡಿ. 1990ರ ಆಗಸ್ಟ್ ಕೊನೆಯಲ್ಲಿ ಬಾಸ್ಟನ್ ತಂಡ ಲ್ಯಾರಿ ಆಂಡರ್ಸನ್ ಎಂಬ ರಿಲೀವರ್‌ನನ್ನು ಹ್ಯೂಸ್ಟನ್‌ನಿಂದ ತಂದಿತು. ಅವನು 22 ಇನ್ನಿಂಗ್ಸ್ ಚೆನ್ನಾಗಿಯೇ ಎಸೆದ, ಹೊರಟುಹೋದ. ಬದಲಿಗೆ ಕೊಟ್ಟಿದ್ದು ಜೆಫ್ ಬ್ಯಾಗ್ವೆಲ್ ಎಂಬ ಹುಡುಗನನ್ನು. ಅವನು 449 ಹೋಮ್ ರನ್ ಹೊಡೆದು ಹಾಲ್ ಆಫ್ ಫೇಮ್ ಸೇರಿದ. ಏಳು ವರ್ಷದ ನಂತರ ಅದೇ ಬಾಸ್ಟನ್‌ಗೆ ಅದೃಷ್ಟ ತಿರುಗಿತು. ಸಿಯಾಟಲ್ ತಂಡಕ್ಕೆ ರಿಲೀವರ್ ಅರ್ಜೆಂಟಾಗಿ ಬೇಕಿತ್ತು. ಹೀತ್‌ಕ್ಲಿಫ್ ಸ್ಲೋಕಂಬ್‌ಗಾಗಿ ಡೆರೆಕ್ ಲೋ, ಜೇಸನ್ ವಾರಿಟೆಕ್ ಇಬ್ಬರನ್ನೂ ಕೊಟ್ಟುಬಿಟ್ಟರು. 2004ರಲ್ಲಿ ಬಾಸ್ಟನ್ ಕಪ್ ಗೆದ್ದಾಗ ಇಬ್ಬರೂ ಆ ತಂಡದಲ್ಲಿದ್ದರು.

ಹಾಗಂತ ಕೊಡಲೇಬಾರದು ಅಂತಲ್ಲ. 2016ರ ಜುಲೈನಲ್ಲಿ ಶಿಕಾಗೊ ಕಬ್ಸ್ ಇದೇ ಚಾಪ್ಮನ್‌ಗೋಸ್ಕರ 19 ವರ್ಷದ ಗ್ಲೇಬರ್ ಟೊರೆಸ್ ಸೇರಿ ನಾಲ್ವರನ್ನು ಯಾಂಕೀಸ್‌ಗೆ ಕೊಟ್ಟಿತು. ಸೀಸನ್ ಮುಗಿದ ಮೇಲೆ ಚಾಪ್ಮನ್ ಮತ್ತೆ ಯಾಂಕೀಸ್‌ಗೇ ವಾಪಸ್! ಆದರೆ ಕಬ್ಸ್ 1908ರ ನಂತರ ಮೊದಲ ಸಲ ಕಪ್ ಗೆದ್ದಿತ್ತು. ಆ ವ್ಯಾಪಾರವನ್ನು ನಾನು ತಪ್ಪು ಅನ್ನಲ್ಲ. ಆ ತಂಡಕ್ಕೆ ಬೇರೆಲ್ಲ ಇತ್ತು, ಇದೊಂದೇ ಕೊರತೆ. ಬೆಲೆ ನೋಡುವ ಮೊದಲು ನೋಡಬೇಕಾದ್ದು ಅದು. ವೈಲ್ಡ್ ಕಾರ್ಡ್ (ತನ್ನ ವಿಭಾಗ ಗೆಲ್ಲದ ತಂಡಕ್ಕೆ ಸಿಗುವ ಪ್ಲೇಆಫ್ ಜಾಗ) ಸಿಕ್ಕರೆ ಸಾಕಪ್ಪಾ ಅನ್ನುವ ತಂಡ ಹಾಗೆ ಮಾಡಿದರೆ ನಾನು ಒಪ್ಪಲ್ಲ.

2025ರಲ್ಲಿ ಸ್ಯಾನ್ ಡಿಯಾಗೊ ತಂಡ ರಿಲೀವರ್ ಮೇಸನ್ ಮಿಲ್ಲರ್‌ಗಾಗಿ 18 ವರ್ಷದ ಲಿಯೊ ಡಿ ವ್ರೀಸ್‌ನನ್ನು ಕೊಟ್ಟಾಗ ಜನ ಬೈದರು. ಆದರೆ ಮಿಲ್ಲರ್ ಎರಡು ತಿಂಗಳಿಗೆ ಬಂದವನಲ್ಲ, ಇನ್ನೂ ಹಲವು ವರ್ಷ ತಂಡದ ಹಿಡಿತದಲ್ಲಿರುತ್ತಾನೆ. ಅದೇ ಬೆಲೆಯನ್ನು ಎರಡು ತಿಂಗಳ ರಿಲೀವರ್‌ಗೆ ಕೊಟ್ಟಿದ್ದರೆ ನಾನೂ ಬೈಯುತ್ತಿದ್ದೆ.

ಪ್ರಶ್ನೆ (ಬೇ ಏರಿಯಾ): ದುಡ್ಡಿಲ್ಲದ, ಕೊಡೋಕೆ ಹುಡುಗರೂ ಇಲ್ಲದ ತಂಡ ಏನು ಮಾಡಬೇಕು?

ಉತ್ತರ: ಈ ಪ್ರಶ್ನೆ ನನಗೆ ತುಂಬ ಇಷ್ಟ, ಏಕೆಂದರೆ ನನ್ನ ಹೊಟ್ಟೆಪಾಡು ಇದೇ. ಒಳ್ಳೆ ರಿಲೀವರ್‌ಗಳಲ್ಲಿ ಬಹಳ ಜನ ಸ್ಟಾರ್ಟರ್ ಆಗಿ ಸೋತವರು. ವೇಡ್ ಡೇವಿಸ್ 2013ರಲ್ಲಿ ಕನ್ಸಾಸ್ ಸಿಟಿಯಲ್ಲಿ ಸ್ಟಾರ್ಟರ್ ಆಗಿ ಐದಕ್ಕಿಂತ ಮೇಲೆ ಇಆರ್‌ಎ ಇಟ್ಟುಕೊಂಡು ಒದ್ದಾಡಿದ. ಮರು ವರ್ಷ ಬುಲ್‌ಪೆನ್‌ಗೆ ಕಳಿಸಿದರು. 72 ಇನ್ನಿಂಗ್ಸ್, ಇಆರ್‌ಎ 1.00, ಒಂದೂ ಹೋಮ್ ರನ್ ಕೊಡಲಿಲ್ಲ. 2015ರ ವರ್ಲ್ಡ್ ಸೀರೀಸ್‌ನ ಕೊನೆಯ ಸ್ಟ್ರೈಕ್‌ಔಟ್ ಅವನದೇ. ಎದುರು ಯಾವ ತಂಡ ಇತ್ತು ಅಂತ ಎಡಿಸನ್‌ನವರಿಗೆ ಗೊತ್ತು, ಗಾಯಕ್ಕೆ ಉಪ್ಪು ಹಾಕಲ್ಲ.

ಕಾರಣ ಸರಳ. ಸ್ಟಾರ್ಟರ್ ಒಂದೇ ಬ್ಯಾಟರ್‌ನನ್ನು ಮೂರು ಸಲ ಎದುರಿಸಬೇಕು, ಅದಕ್ಕೆ ನಾಲ್ಕು ಥರದ ಎಸೆತ ಬೇಕು, ಶಕ್ತಿ ಉಳಿಸಿಕೊಂಡು ಎಸೆಯಬೇಕು. ರಿಲೀವರ್‌ಗೆ ಒಂದು ಇನ್ನಿಂಗ್ಸ್. ಇರುವ ಶಕ್ತಿಯೆಲ್ಲ ಹಾಕಬಹುದು, ಕೆಲಸಕ್ಕೆ ಬಾರದ ಎಸೆತಗಳನ್ನು ಬಿಟ್ಟೇಬಿಡಬಹುದು.

ಎರಡನೇ ದಾರಿ, ಬೇರೆಯವರು ಬೇಡ ಅಂತ ಬಿಟ್ಟವರನ್ನು ಎತ್ತಿಕೊಳ್ಳೋದು. ಇವಾನ್ ಫಿಲಿಪ್ಸ್ ಬಾಲ್ಟಿಮೋರ್‌ನಲ್ಲಿ ಸಿಕ್ಕಾಪಟ್ಟೆ ಹೊಡೆಸಿಕೊಂಡವನು. 2021ರಲ್ಲಿ ಡಾಡ್ಜರ್ಸ್ ಅವನನ್ನು ವೇವರ್‌ನಿಂದ ಎತ್ತಿಕೊಂಡಿತು, ಅಂದರೆ ಬದಲಿಗೆ ಯಾವ ಆಟಗಾರನನ್ನೂ ಕೊಡಲಿಲ್ಲ. 2022ರಲ್ಲಿ ಅವನ ಇಆರ್‌ಎ 1.14. ರಯಾನ್ ಬ್ರೇಸಿಯರ್‌ನನ್ನು 2023ರಲ್ಲಿ ಬಾಸ್ಟನ್ ಕೈಬಿಟ್ಟಿತು. ಅದೇ ಡಾಡ್ಜರ್ಸ್ ಕರೆದು ಕಟ್ಟರ್ ಎಂಬ ಒಂದು ಎಸೆತ ಕಲಿಸಿತು, ಇಆರ್‌ಎ 0.70. ಇದು ಬರೀ ಅದೃಷ್ಟ ಅಲ್ಲ. ಎಸೆತದ ತಿರುವು, ಕೈಯಿಂದ ಬಿಡುವ ಎತ್ತರ ಎಲ್ಲವನ್ನೂ ಈಗ ಕ್ಯಾಮೆರಾ ಅಳೆಯುತ್ತದೆ. ಸ್ಲೈಡರ್ ಎಂಬ ತಿರುಗುವ ಎಸೆತ ಚೆನ್ನಾಗಿದ್ದೂ ಅದನ್ನು ಕಡಿಮೆ ಬಳಸುತ್ತಿರುವವನು ಸಿಕ್ಕರೆ, ಅದನ್ನೇ ಜಾಸ್ತಿ ಎಸಿ ಅಂದರೆ ಎಷ್ಟೋ ಸಲ ಅರ್ಧ ಕೆಲಸ ಆಯಿತು. ಆಟಗಾರರ ವಿನಿಮಯದ ಗಡುವು ಮುಗಿದ ಮೇಲೂ ವೇವರ್ ಬಾಗಿಲು ತೆರೆದಿರುತ್ತದೆ. ಆಗಸ್ಟ್ 31ರೊಳಗೆ ಬಂದವನು ಪ್ಲೇಆಫ್ ಕೂಡ ಆಡಬಹುದು.

ಎಂಟರಲ್ಲಿ ಇಬ್ಬರಾದರೂ ಮೈನರ್ ಲೀಗ್‌ಗೆ ಕಳಿಸಿ ಕರೆಸಲು ಬರುವಂಥವರು ಇರಲಿ. ನಿನ್ನೆ 45 ಎಸೆತ ಎಸೆದವನನ್ನು ಇವತ್ತು ಬೆಂಚಿನ ಮೇಲೆ ಸುಮ್ನೆ ಕೂರಿಸಿಕೊಂಡರೆ ಒಂದು ಜಾಗ ದಂಡ.

ಪ್ರಶ್ನೆ (ಟೊರೊಂಟೊ): ನಮ್ಮ ನೋವು ನಿಮಗೆ ಗೊತ್ತೇ ಇದೆ. 2025ರ ನವೆಂಬರ್ 1, ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯ. ನಮ್ಮ ಬ್ಲೂ ಜೇಸ್ ಗೆಲ್ಲೋಕೆ ಎರಡು ಔಟ್ ಬಾಕಿ. ನಮ್ಮ ಕ್ಲೋಸರ್ ಹಾಫ್‌ಮನ್ ಎಸೆತಕ್ಕೆ ಮಿಗೆಲ್ ರೋಹಾಸ್ ಹೋಮ್ ರನ್, ಸ್ಕೋರ್ ಸಮ. 11ನೇ ಇನ್ನಿಂಗ್ಸ್‌ನಲ್ಲಿ ಸೋತೆವು. ಒಳ್ಳೆ ಕ್ಲೋಸರ್ ಇದ್ದಿದ್ದರೆ ಕಪ್ ನಮ್ಮದೇ ಅಲ್ವಾ?

ಉತ್ತರ: ಎದುರಿದ್ದ ಡಾಡ್ಜರ್ಸ್ ಕಡೆ ನೋಡಿ. ಅವರು ಆ ಸೀಸನ್‌ಗೆ ಮೊದಲು ರಿಲೀವರ್ ಟ್ಯಾನರ್ ಸ್ಕಾಟ್‌ಗೆ ನಾಲ್ಕು ವರ್ಷಕ್ಕೆ 7.2 ಕೋಟಿ ಡಾಲರ್ ಕೊಟ್ಟಿದ್ದರು. ಅವನು ಹತ್ತು ಸಲ ಸೇವ್ ಕೆಡಿಸಿದ, ವರ್ಲ್ಡ್ ಸೀರೀಸ್ ತಂಡದಲ್ಲೂ ಇರಲಿಲ್ಲ. ಅಂದರೆ ಅವರ ಬುಲ್‌ಪೆನ್ ನಿಮ್ಮದಕ್ಕಿಂತ ಚೆನ್ನಾಗಿತ್ತು ಅನ್ನೋ ಹಾಗಿಲ್ಲ. ಅವರು ಮಾಡಿದ್ದೇನು? ಸ್ಟಾರ್ಟರ್ ಆಗಿ ಬಂದಿದ್ದ ರೋಕಿ ಸಸಾಕಿಯನ್ನು ಅಕ್ಟೋಬರ್‌ನಲ್ಲಿ ಕೊನೆಯ ಇನ್ನಿಂಗ್ಸ್‌ಗೆ ಹಾಕಿಕೊಂಡರು. ಏಳನೇ ಪಂದ್ಯದಲ್ಲಿ ಸ್ಟಾರ್ಟರ್‌ಗಳಾದ ಗ್ಲಾಸ್ನೋ, ಸ್ನೆಲ್ ಇಬ್ಬರೂ ಬುಲ್‌ಪೆನ್‌ನಿಂದ ಬಂದರು. ಹಿಂದಿನ ರಾತ್ರಿ 96 ಎಸೆತ ಎಸೆದಿದ್ದ ಯಾಮಾಮೊಟೊ ಮತ್ತೆ ಬಂದು ಕೊನೆಯ ಎಂಟು ಔಟ್ ತೆಗೆದ.

2019ರಲ್ಲಿ ವಾಷಿಂಗ್ಟನ್ ಮಾಡಿದ್ದೂ ಇದೇ. ಆ ವರ್ಷ ಅವರ ಬುಲ್‌ಪೆನ್ ಇಆರ್‌ಎ 5.66, ನ್ಯಾಷನಲ್ ಲೀಗ್‌ನಲ್ಲೇ ಕಳಪೆ. ಗಡುವಿನ ದಿನ ಟೊರೊಂಟೊದಿಂದಲೇ ಡೇನಿಯಲ್ ಹಡ್ಸನ್‌ನನ್ನು ತಂದರು, ದೊಡ್ಡ ಸುದ್ದಿಯೇನೂ ಆಗಲಿಲ್ಲ. ಉಳಿದದ್ದನ್ನು ಸ್ಟಾರ್ಟರ್‌ಗಳೇ ತುಂಬಿದರು. ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯದಲ್ಲಿ ಸ್ಟಾರ್ಟರ್ ಪ್ಯಾಟ್ರಿಕ್ ಕಾರ್ಬಿನ್ ಮಧ್ಯದಲ್ಲಿ ಬಂದು ಮೂರು ಇನ್ನಿಂಗ್ಸ್ ಎಸೆದ, ಕೊನೆಯ ಔಟ್ ತೆಗೆದವನು ಹಡ್ಸನ್. ಅಕ್ಟೋಬರ್‌ನಲ್ಲಿ ನಡುವೆ ಬಿಡುವಿನ ದಿನ ಇರುತ್ತದೆ, ನಾಳೆಯ ಯೋಚನೆ ಕಡಿಮೆ. ಬೇಸಿಗೆಯಲ್ಲಿ ಹೀಗೆ ಆಡಿಸಿದರೆ ಎಲ್ಲರ ಭುಜವೂ ಹೋಗುತ್ತದೆ.

ಇರುವವರನ್ನು ಯಾವಾಗ ಬಳಸೋದು ಅನ್ನೋದೂ ಅಷ್ಟೇ ಮುಖ್ಯ. ನಿಮ್ಮೂರಲ್ಲೇ 2016ರ ವೈಲ್ಡ್ ಕಾರ್ಡ್ ಪಂದ್ಯ ನೆನಪಿದೆಯಾ? ಬಾಲ್ಟಿಮೋರ್‌ನ ಝಾಕ್ ಬ್ರಿಟನ್ ಆ ವರ್ಷ 47ಕ್ಕೆ 47 ಸೇವ್, ಇಆರ್‌ಎ 0.54. 11ನೇ ಇನ್ನಿಂಗ್ಸ್‌ನಲ್ಲಿ ಎನ್‌ಕಾರ್ನಾಸಿಯೊನ್ ಹೋಮ್ ರನ್ ಹೊಡೆದು ಪಂದ್ಯ ಮುಗಿಸಿದಾಗ ಅವನು ಇನ್ನೂ ಬುಲ್‌ಪೆನ್‌ನಲ್ಲೇ ಇದ್ದ. ಮುಂದೆ ಇದ್ದಾಗ ಸೇವ್ ಮಾಡಲಿ ಅಂತ ಮ್ಯಾನೇಜರ್ ಕಾದರು, ಮುನ್ನಡೆ ಬರಲೇ ಇಲ್ಲ. ಅದೇ ತಿಂಗಳು ಕ್ಲೀವ್‌ಲ್ಯಾಂಡ್‌ನ ಟೆರ್ರಿ ಫ್ರಾಂಕೋನಾ ತನ್ನ ಒಳ್ಳೆ ರಿಲೀವರ್ ಆಂಡ್ರ್ಯೂ ಮಿಲ್ಲರ್‌ನನ್ನು ಐದು, ಆರನೇ ಇನ್ನಿಂಗ್ಸ್‌ನಲ್ಲೇ ಕರೆದು ವರ್ಲ್ಡ್ ಸೀರೀಸ್‌ವರೆಗೆ ಹೋದರು. ಅತಿ ಬಳಸಿದರೂ ಕಷ್ಟವೇ. ಅದೇ ವರ್ಲ್ಡ್ ಸೀರೀಸ್‌ನಲ್ಲಿ ಅವರ ಎದುರಾಳಿ ಕಬ್ಸ್ ಆರನೇ ಪಂದ್ಯದಲ್ಲಿ ಐದು ರನ್ ಮುಂದಿದ್ದಾಗಲೂ ಚಾಪ್ಮನ್‌ನನ್ನು ಕರೆಸಿತು. ಮರುದಿನ ಅವನ ಎಸೆತಕ್ಕೇ ರಜಾಯ್ ಡೇವಿಸ್ ಹೋಮ್ ರನ್ ಹೊಡೆದು ಸ್ಕೋರ್ ಸಮ ಮಾಡಿದ.

ಇನ್ನು ಹಾಫ್‌ಮನ್. ಆ ಸೀಸನ್‌ನಲ್ಲಿ ಅವನು ಹೋಮ್ ರನ್ ಜಾಸ್ತಿಯೇ ಕೊಟ್ಟಿದ್ದ, ಸುಳ್ಳಲ್ಲ. ಆದರೆ ಸೋಲನ್ನೆಲ್ಲ ಅವನ ತಲೆಗೆ ಕಟ್ಟಬೇಡಿ. ಅದೇ 9ನೇ ಇನ್ನಿಂಗ್ಸ್‌ನಲ್ಲಿ ನಿಮ್ಮ ಸರದಿ ಬಂದಾಗ ಒಂದೇ ಔಟ್ ಆಗಿತ್ತು, ಮೂರೂ ಬೇಸ್ ತುಂಬಿದ್ದವು, ಒಂದು ರನ್ ಸಾಕಿತ್ತು. ಆ ರನ್ ಹೊಡೆಯಬೇಕಾದವರು ಬ್ಯಾಟರ್‌ಗಳು.